ತಿಳಿದವನ ಮೌನ

ಮಾರುವವನು ಸುಳ್ಳು ಹೇಳಬಾರದು ಎಂಬ ವಿಷಯದಲ್ಲಿ ನಮ್ಮಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಜುಮಾ ಪ್ರವಚನಗಳಲ್ಲಿ ಅದನ್ನು ಕೇಳುತ್ತಲೇ ಬಂದಿದ್ದೇವೆ. ಆದರೆ ವ್ಯಾಪಾರ ನಡೆಯುವಲ್ಲಿ ಹಲವು ವೇಳೆ ಮೂರನೆಯವನೊಬ್ಬ ನಿಂತಿರುತ್ತಾನೆ. ವಸ್ತು ಅವನದಲ್ಲ, ಹಣವೂ ಅವನದಲ್ಲ. ವಸ್ತುವಿನ ದೋಷ ಮಾತ್ರ ಅವನಿಗೆ ಗೊತ್ತು. ಅವನು ಬಾಯಿ ಬಿಡಬೇಕೇ, ಸುಮ್ಮನಿರಬಹುದೇ? ಸುಮ್ಮನಿದ್ದರೆ ಅವನ ಮೇಲೆ ಹೊಣೆಯಿದೆಯೇ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸೀಮೆಯಲ್ಲಿ ಈ ಪ್ರಶ್ನೆ ಗ್ಯಾರೇಜಿನ ಬಾಗಿಲಲ್ಲೇ ಏಳುತ್ತದೆ. ಕಬ್ಬಿನ ಬಿಲ್ಲು ಒಟ್ಟಿಗೆ ಕೈಸೇರಿದಾಗ, ಹೊಲ ಮಾರಿದಾಗ, ಮನೆಯಲ್ಲಿ ಮದುವೆ ಗೊತ್ತಾದಾಗ ದೊಡ್ಡ ಗಾಡಿಯ ಆಸೆ ಹುಟ್ಟುತ್ತದೆ. ಕೊಲ್ಲಾಪುರ, ಸಾಂಗ್ಲಿ, ಪುಣೆ ದೂರವಲ್ಲ. ಅಲ್ಲಿಂದ ಮಹಾರಾಷ್ಟ್ರದ ನಂಬರಿನ ಹಳೆಯ ರೇಂಜ್ ರೋವರ್, ಆಡಿ, ಬಿಎಂಡಬ್ಲ್ಯೂ ಗಾಡಿಗಳು ಬರುತ್ತವೆ. ಹೊಸದರಲ್ಲಿ ಕೋಟಿ ರೂಪಾಯಿ ಬಾಳುತ್ತಿದ್ದದ್ದು ಹತ್ತು ವರ್ಷ ಕಳೆದ ಮೇಲೆ ಹೊಸ ಸಾಧಾರಣ ಕಾರಿನ ಬೆಲೆಗೆ ನಿಂತಿರುತ್ತದೆ. ಕೊಳ್ಳುವವರು ಮೊದಲು ಮಿಸ್ತ್ರಿಯನ್ನು ಕರೆಯುತ್ತಾರೆ. ಮಿಸ್ತ್ರಿಗಳಲ್ಲಿ, ಡೆಂಟಿಂಗ್ ಪೇಂಟಿಂಗ್ ಮಾಡುವವರಲ್ಲಿ, ದಲಾಲರಲ್ಲಿ ನಮ್ಮ ಸಮುದಾಯದವರು ಅನೇಕರಿದ್ದಾರೆ.

"ಗಾಡಿ ಹೆಂಗೈತ್ರಿ ಮಿಸ್ತ್ರಿ?" ಎಂದು ರೈತ ಕೇಳುತ್ತಾನೆ.

"ಗಾಡಿ ಚಲೋನ ಐತ್ರಿ ಸಾವ್ಕಾರ, ನೀವ ನೋಡಿ ತಗೋರಿ."

ಈ ಉತ್ತರದಲ್ಲಿ ಸುಳ್ಳು ಇದೆಯೇ ಎಂದು ಕೇಳಿದರೆ ಬೆರಳಿಟ್ಟು ತೋರಿಸುವುದು ಕಷ್ಟ. ಗಾಡಿ ಆ ಹೊತ್ತಿಗೆ ಚೆನ್ನಾಗಿಯೇ ಓಡುತ್ತಿರುತ್ತದೆ. ಆದರೆ ಮಿಸ್ತ್ರಿಗೆ ತಿಳಿದಿರುವುದು ಇಷ್ಟೇ ಅಲ್ಲ. ಇಂಥ ಹಲವು ಗಾಡಿಗಳಲ್ಲಿ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರಿನ ಚೀಲಗಳಿರುತ್ತವೆ. ರಬ್ಬರು ವಯಸ್ಸಾಗಿ ಸೀಳುತ್ತದೆ, ಗಾಳಿ ಸೋರುತ್ತದೆ, ಸೋರಿದ್ದನ್ನು ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ದುಡಿದು ಸುಟ್ಟುಹೋಗುತ್ತದೆ. ರಾತ್ರಿ ನಿಲ್ಲಿಸಿದ ಗಾಡಿ ಬೆಳಗಾಗುವಷ್ಟರಲ್ಲಿ ಒಂದು ಮೂಲೆಗೆ ಕುಸಿದಿರುತ್ತದೆ. ಗಿರಾಕಿ ಬರುವ ಮುನ್ನ ಅರ್ಧ ತಾಸು ಇಂಜಿನ್ ಚಾಲೂ ಇಟ್ಟರೆ ಅದೇ ಗಾಡಿ ಎದೆಯೆತ್ತಿ ನಿಲ್ಲುತ್ತದೆ. ಎಚ್ಚರಿಕೆಯ ದೀಪ ಉರಿಯುತ್ತಿದ್ದರೆ ಸ್ಕ್ಯಾನರ್ ಹಚ್ಚಿ ಅದನ್ನು ಅಳಿಸಬಹುದು. ಕೆಲವು ಕಿಲೋಮೀಟರ್ ಓಡಿದ ಮೇಲೆ ಅದು ಮತ್ತೆ ಹತ್ತಿಕೊಳ್ಳುತ್ತದೆ, ಅಷ್ಟರಲ್ಲಿ ಹಣ ಕೈ ಬದಲಾಗಿರುತ್ತದೆ. ಮೀಟರನ್ನು ಹಿಂದಕ್ಕೆ ತಿರುಗಿಸುವುದಂತೂ ಹಳೆಯ ವಿದ್ಯೆ.

ಹಾಲು ಹೆಚ್ಚಿದೆಯೆಂದು ತೋರಿಸಲು ಕೆಲವು ದಿನ ಹಾಲು ಕರೆಯದೆ ಕೆಚ್ಚಲು ತುಂಬಿಸಿ ಮಾರುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದಾರೆ. ಹಾಗೆ ಮೋಸಹೋದವನಿಗೆ ಪ್ರಾಣಿಯನ್ನು ಹಿಂದಿರುಗಿಸುವ ಹಕ್ಕನ್ನೂ ನೀಡಿದ್ದಾರೆ. ಗಾಳಿ ತುಂಬಿಸಿ ಎತ್ತಿ ನಿಲ್ಲಿಸಿದ ಗಾಡಿಗೂ ಬಿಗಿದ ಆ ಕೆಚ್ಚಲಿಗೂ ಏನು ವ್ಯತ್ಯಾಸ?

ನೆರೆಯ ಗಾಡಿಗಳ ವಿಷಯ ಇನ್ನೂ ಗಂಭೀರ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ವೇದಗಂಗೆ, ದೂಧಗಂಗೆಗಳು ಉಕ್ಕಿ ಬಂದಾಗ ನಮ್ಮ ಈ ತಾಲೂಕುಗಳ ಊರುಗಳು ಮುಳುಗಿದವು. ಅತ್ತ ಸಾಂಗ್ಲಿ, ಕೊಲ್ಲಾಪುರ ನಗರಗಳಲ್ಲಿ ದಿನಗಟ್ಟಲೆ ನೀರು ನಿಂತಿತು. ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ಹೆದ್ದಾರಿಯೇ ಬಂದಾಯಿತು. 2021ರ ಜುಲೈನಲ್ಲಿ ಮತ್ತೆ ಅದೇ ಕಥೆ. ನೀರಲ್ಲಿ ನಿಂತ ಗಾಡಿಯನ್ನು ತೊಳೆದು, ಸೀಟಿಗೆ ಹೊಸ ಬಟ್ಟೆ ಹಾಕಿ, ಅತ್ತರು ಸಿಂಪಡಿಸಿ ನಿಲ್ಲಿಸಿದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ನೋಡಿದರೆ ಕೊನೆಯಲ್ಲಿ ಕೆಸರಿನ ಗೆರೆ ಕಾಣುತ್ತದೆ. ಸೀಟಿನ ಕೆಳಗಿನ ಕಬ್ಬಿಣದಲ್ಲಿ ತುಕ್ಕು, ಹಾಸಿನ ಅಡಿಯಲ್ಲಿ ಕಮಟು ವಾಸನೆ. ತಂತಿ, ಸೆನ್ಸರ್, ಕಂಪ್ಯೂಟರುಗಳಿಂದ ತುಂಬಿದ ಗಾಡಿಯಲ್ಲಿ ಆ ನೀರು ತಿಂಗಳುಗಟ್ಟಲೆ ಒಳಗೊಳಗೇ ಕೆಲಸ ಮಾಡುತ್ತದೆ. ಅದು ಬರೀ ಖರ್ಚಿನ ಮಾತಲ್ಲ; ಓಡುವ ಗಾಡಿ ಹೆದ್ದಾರಿಯ ನಡುವೆ ಥಟ್ಟನೆ ನಿಂತರೆ ಒಳಗಿರುವವರು ಹೆಂಡತಿ ಮಕ್ಕಳು.

ಇದನ್ನು ಓದುವಾಗ ನಿಮಗೂ ಆ ಪ್ರಸಿದ್ಧ ಹದೀಸ್ ನೆನಪಾಗಿರಬಹುದು. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿವರ್ಯರು(ಸ) ಕೈ ಹಾಕಿದಾಗ ಬೆರಳುಗಳಿಗೆ ತೇವ ತಗುಲಿತು. ಮಳೆ ಬಿದ್ದಿತ್ತು ಎಂದು ಮಾರುವವನು ಹೇಳಿದ. ಹಾಗಾದರೆ ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದು ಅವರು ಕೇಳಿದರು. ಮಳೆ ಬಿದ್ದುದು ಆ ವ್ಯಾಪಾರಿಯ ತಪ್ಪಾಗಿರಲಿಲ್ಲ, ನೆರೆ ಬಂದುದು ಗಾಡಿಯ ಮಾಲಕನ ತಪ್ಪೂ ಅಲ್ಲ. ತೇವವನ್ನು ಅಡಿಗೆ ಸರಿಸಿದ್ದಷ್ಟೇ ಅಲ್ಲಿ ಪ್ರಶ್ನೆಯಾಗಿತ್ತು.

ಇಷ್ಟೂ ಮಾರುವವನ ಮಾತಾಯಿತು. ಮೂರನೆಯವನ ಪ್ರಶ್ನೆಗೆ ನೇರ ಉತ್ತರ ಸಿಗುವುದು ಸಹಾಬಿವರ್ಯ ವಾಸಿಲಾ ಬಿನ್ ಅಸ್ಕಅ್(ರ) ಅವರ ಬದುಕಿನಲ್ಲಿ. ಇಮಾಮ್ ಗಝಾಲಿಯವರು(ರ) 'ಇಹ್ಯಾ'ದಲ್ಲಿ ಇದನ್ನು ಹೇಳಿದ್ದಾರೆ. ಒಬ್ಬನು ತನ್ನ ಒಂಟೆಯನ್ನು ಮುನ್ನೂರು ದಿರ್‌ಹಮಿಗೆ ಮಾರಿದ. ಅಲ್ಲೇ ಇದ್ದ ವಾಸಿಲಾರ(ರ) ಗಮನ ಬೇರೆಡೆಗಿತ್ತು. ಕೊಂಡವನು ಒಂಟೆ ಹೊಡೆದುಕೊಂಡು ಹೋದ ಮೇಲೆ ಅವರಿಗೆ ಅರಿವಾಯಿತು. ಅವನ ಹಿಂದೆ ಓಡಿ ಕೂಗಿ ನಿಲ್ಲಿಸಿ, ಇದನ್ನು ಮಾಂಸಕ್ಕೆ ಕೊಂಡೆಯೋ ಸವಾರಿಗೋ ಎಂದು ಕೇಳಿದರು. ಸವಾರಿಗೆ ಎಂದ. ಇದರ ಪಾದದಲ್ಲಿ ತೂತಿದೆ, ಎಡೆಬಿಡದೆ ದೂರ ನಡೆಯಲಾರದು ಎಂದು ತಿಳಿಸಿದರು. ಅವನು ಮರಳಿ ಬಂದ. ಮಾರಿದವನು ನೂರು ದಿರ್‌ಹಮ್ ಇಳಿಸಬೇಕಾಯಿತು. ನನ್ನ ವ್ಯಾಪಾರ ಕೆಡಿಸಿದಿರಿ ಎಂದು ಅವನು ದೂರಿದಾಗ, ದೋಷವನ್ನು ತಿಳಿಸದೆ ಮಾರುವುದು ಹೇಗೆ ಧರ್ಮಬದ್ಧವಲ್ಲವೋ ಹಾಗೆಯೇ ಅದನ್ನು ತಿಳಿದವನು ಹೇಳದಿರುವುದೂ ಧರ್ಮಬದ್ಧವಲ್ಲ ಎಂದು ಪ್ರವಾದಿವರ್ಯರಿಂದ(ಸ) ಕೇಳಿದ್ದೇನೆ ಎಂದು ವಾಸಿಲಾ(ರ) ಉತ್ತರಿಸಿದರು.

ಅವರು ಕೇಳಿದ ಪ್ರಶ್ನೆಯನ್ನು ಗಮನಿಸಿರಿ. ಒಂಟೆ ಕೆಟ್ಟದ್ದೆಂದು ಅವರು ಹೇಳಲಿಲ್ಲ, ಯಾವುದಕ್ಕೆ ಕೊಂಡೆ ಎಂದು ಕೇಳಿದರು. ಮಾಂಸಕ್ಕಾದರೆ ಪಾದದ ತೂತು ಅಷ್ಟು ದೊಡ್ಡ ದೋಷವಲ್ಲ. ದಿನಾ ಕಬ್ಬಿನ ಗದ್ದೆಗೆ, ಮಿರಜಿನ ಆಸ್ಪತ್ರೆಗೆ ಓಡಾಡಬೇಕಾದವನಿಗೂ, ಮನೆಯಲ್ಲಿ ಇನ್ನೆರಡು ಗಾಡಿಗಳಿದ್ದು ಇದನ್ನು ಶೋಕಿಗಾಗಿ ಕೊಳ್ಳುವವನಿಗೂ ಒಂದೇ ಗಾಡಿ ಒಂದೇ ಗಾಡಿಯಲ್ಲ. (ಶೋಕಿಯ ಬಗ್ಗೆ ಹೇಳುವುದು ಬೇರೆಯೇ ಇದೆ, ಎರೆಮಣ್ಣಿನ ರಾಡಿಯಲ್ಲಿ ಬೊಲೆರೊ ಹೋಗುವಲ್ಲೆಲ್ಲ ಹೋಗಲು ಕೋಟಿಯ ಗಾಡಿ ಬೇಕಿಲ್ಲ.)

ದೇಶದ ಕಾನೂನು ಇಷ್ಟು ದೂರ ಬರುವುದಿಲ್ಲ. 1872ರ ಕರಾರು ಕಾಯ್ದೆಯ 17ನೇ ಕಲಮು ವಂಚನೆಯನ್ನು ವಿವರಿಸುತ್ತದೆ. ಅಲ್ಲಿ ಕುದುರೆಯ ಉದಾಹರಣೆಯಿದೆ. ತನ್ನ ಕುದುರೆ ರೋಗಿಷ್ಟವೆಂದು ತಿಳಿದೂ ಏನೂ ಹೇಳದೆ ಹರಾಜಿನಲ್ಲಿ ಮಾರಿದವನು ವಂಚಕನಲ್ಲ, ಏಕೆಂದರೆ ಬರೀ ಮೌನ ವಂಚನೆಯಲ್ಲ. ಆದರೆ ಕೊಳ್ಳುವವಳು ಆಗತಾನೇ ಪ್ರಾಪ್ತವಯಸ್ಕಳಾದ ಅವನ ಮಗಳಾಗಿದ್ದರೆ? ಆಗ ಹೇಳುವುದು ಅವನ ಕರ್ತವ್ಯವೆಂದು ಅದೇ ಕಾಯ್ದೆ ಹೇಳುತ್ತದೆ. ಸಂಬಂಧವಿದ್ದಲ್ಲಿ ಮಾತನಾಡುವ ಹೊಣೆಯಿದೆ, ಪರಕೀಯನಾದರೆ ಇಲ್ಲ. ಕಾನೂನು ತಂದೆಗೆ ವಿಧಿಸಿದ್ದನ್ನು ಇಸ್ಲಾಮ್ ಸಂತೆಯಲ್ಲಿ ನಿಂತ ಪ್ರತಿಯೊಬ್ಬನಿಗೂ ವಿಧಿಸಿದೆ. ಕೊಳ್ಳುವವನು ಲಿಂಗಾಯತ ರೈತನಾಗಿರಲಿ, ಜೈನ ವ್ಯಾಪಾರಿಯಾಗಿರಲಿ, ವಂಚನೆ ವಂಚನೆಯೇ.

"ಇದ್ದ ಹಾಗೆ ತಗೋರಿ, ಆಮೇಲೆ ನನಗೆ ಹೇಳಬ್ಯಾಡ್ರಿ" ಎಂದು ಮಾರುವವನು ಮೊದಲೇ ಹೇಳಿದರೆ? ನಮ್ಮ ಮದ್ರಸಗಳಲ್ಲಿ ಓದಿಸುವ 'ಹಿದಾಯ'ದ ಪ್ರಕಾರ, ಎಲ್ಲ ದೋಷಗಳ ಹೊಣೆಯಿಂದ ಮುಕ್ತ ಎಂಬ ಷರತ್ತಿನ ಮೇಲೆ ಮಾರಿದರೆ ಹನಫಿ ಮದ್‌ಹಬ್‌ನಲ್ಲಿ ವ್ಯಾಪಾರ ಸಿಂಧು; ಕೊಂಡವನು ಹಿಂದಿರುಗಿಸಲಾರ. ಶಾಫಿಈ ಮದ್‌ಹಬ್ ಈ ಷರತ್ತನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ನಮ್ಮವರಲ್ಲಿ ಕೆಲವರು ಹನಫಿ ನಿಲುವನ್ನು ಗುರಾಣಿ ಮಾಡಿಕೊಂಡಿದ್ದಾರೆ. ವ್ಯಾಪಾರ ಸಿಂಧುವಾಯಿತು ಎಂದರೆ ಪಾಪ ಇಲ್ಲವಾಯಿತು ಎಂದು ಯಾವ ಇಮಾಮರು ಹೇಳಿದ್ದಾರೆ? ಕಾಝಿಯು ಕಾಗದ ನೋಡಿ ತೀರ್ಪು ಕೊಡುತ್ತಾನೆ. ತಿಳಿದೂ ಮುಚ್ಚಿಟ್ಟದ್ದು ಅವನ ಕೈಗೆ ಸಿಗದು, ಅಲ್ಲಾಹನ ಲೆಕ್ಕದಿಂದ ಅದು ತಪ್ಪಿಸಿಕೊಳ್ಳದು.

ಇನ್ನೊಂದು ವಾದಕ್ಕೆ ಉತ್ತರಿಸುವುದು ನನಗೆ ನಿಜಕ್ಕೂ ಕಷ್ಟವೆನಿಸಿದೆ. ಗಾಡಿಯಲ್ಲಿ ಈಗ ಯಾವ ದೋಷವೂ ಇಲ್ಲ. ಆ ಜಾತಿಯ ಗಾಡಿಯೇ ಮುಂದೆ ತೊಂದರೆ ಕೊಡುತ್ತದೆಂದು ಮಿಸ್ತ್ರಿಗೆ ಗೊತ್ತಿದೆ, ಅಷ್ಟೆ. ಅಮೆರಿಕದ ಜೆ.ಡಿ. ಪವರ್ ಸಂಸ್ಥೆ 2020 ಮತ್ತು 2021ರಲ್ಲಿ ಮೂರು ವರ್ಷ ಹಳೆಯ ವಾಹನಗಳ ಬಾಳಿಕೆಯ ಸಮೀಕ್ಷೆ ನಡೆಸಿದಾಗ ಲ್ಯಾಂಡ್ ರೋವರ್ ಪಟ್ಟಿಯ ಕೊನೆಯಲ್ಲಿತ್ತು. ಇದು ದೋಷವೇ, ಬರೀ ಸಂಭವವೇ? ವ್ಯಾಪಾರಿಗಳ ರೂಢಿಯಲ್ಲಿ ಬೆಲೆ ಇಳಿಸುವುದೆಲ್ಲವೂ ದೋಷ ಎಂದು ಫಿಕ್‌ಹ್ ಪಂಡಿತರು ಹೇಳಿದ್ದಾರೆ. ಈ ಗಾಡಿಗಳ ಬೆಲೆ ಇಳಿದಿರುವುದೇ ಅದಕ್ಕಾಗಿ, ಬೆಲೆಯೇ ದೋಷವನ್ನು ಸಾರಿ ಹೇಳುತ್ತಿದೆ ಎಂದು ದಲಾಲರು ವಾದಿಸಬಹುದು. ವಾದ ಸುಳ್ಳಲ್ಲ. ಆದರೆ ಆ ಬೆಲೆಯ ಭಾಷೆ ಮುಂಬಯಿ ಪುಣೆಯವರಿಗೆ ಅರ್ಥವಾಗುತ್ತದೆ. ರಾಯಬಾಗದ ರೈತ ಅದನ್ನು ತನ್ನ ಅದೃಷ್ಟವೆಂದು ಓದುತ್ತಾನೆ. 2008ರಲ್ಲಿ ಟಾಟಾದವರು ಕೊಂಡ ಕಂಪನಿಯಲ್ಲವೇ, ಸುಮೋ ರಿಪೇರಿ ಮಾಡಿದವನು ಇದನ್ನೂ ಮಾಡುತ್ತಾನೆ ಎಂದುಕೊಳ್ಳುತ್ತಾನೆ. ಗಾಡಿಯ ಬೆಲೆ ಇಳಿದರೂ ಬಿಡಿಭಾಗಗಳು ಕೋಟಿಯ ಗಾಡಿಯ ಬಿಡಿಭಾಗಗಳಾಗಿಯೇ ಉಳಿದಿವೆ ಎಂದು ಅವನಿಗೆ ಯಾರೂ ಹೇಳಿಲ್ಲ. ಅವನು ತಪ್ಪು ತಿಳಿದಿದ್ದಾನೆಂದು ಕಣ್ಣೆದುರು ಕಾಣುತ್ತಿರುವಾಗ ಹೇಳಬೇಕಾಗುತ್ತದೆ ಎಂಬುದೇ ನನ್ನ ಅಭಿಪ್ರಾಯ. ತಿಳಿದೂ ಕೊಳ್ಳುವವನಿಗೆ ಹೇಳಬೇಕಾದದ್ದೇನೂ ಇಲ್ಲ.

ಹಾಗೆ ಹೇಳಿದರೆ ಮಾರುವವನ ಗೀಬತ್ ಆಗುವುದಿಲ್ಲವೇ ಎಂದು ಕೆಲವರು ಹಿಂಜರಿಯುತ್ತಾರೆ. ದೋಷವುಳ್ಳ ವಸ್ತುವನ್ನು ಅರಿಯದೆ ಕೊಳ್ಳುವವನನ್ನು ಎಚ್ಚರಿಸುವುದನ್ನು ಇಮಾಮ್ ನವವಿ(ರ) ಅನುಮತಿಸಲ್ಪಟ್ಟ ಸಂದರ್ಭಗಳಲ್ಲೇ ಸೇರಿಸಿದ್ದಾರೆ. ಹಿಂಜರಿಕೆಯ ನಿಜವಾದ ಕಾರಣ ಬಹುಶಃ ಬೇರೆ. ಮಿಸ್ತ್ರಿ ಬಾಯಿಬಿಟ್ಟರೆ ದಲಾಲ ನಾಳೆಯಿಂದ ಕೆಲಸ ಕಳಿಸುವುದಿಲ್ಲ. ಮನೆಯಲ್ಲಿ ಮಕ್ಕಳ ಶಾಲೆಯ ಫೀಸು, ಗ್ಯಾರೇಜಿನ ಬಾಡಿಗೆ ಕಾದಿರುತ್ತವೆ. ಇದನ್ನು ಹಗುರವಾಗಿ ಕಾಣುವ ಹಕ್ಕು ಸಂಬಳ ಪಡೆಯುವ ನನ್ನಂಥ ಅಧ್ಯಾಪಕನಿಗಿಲ್ಲ. ವಾಸಿಲಾರಿಗೆ(ರ) ಆ ಮಾರುವವನಿಂದ ಆಗಬೇಕಾದ ಕೆಲಸವೇನೂ ಇದ್ದಂತೆ ಕಾಣುವುದಿಲ್ಲ, ಮಿಸ್ತ್ರಿಗೆ ಇದೆ. ಆದ್ದರಿಂದ ಬರೀ ಅವನಿಗೆ ಧೈರ್ಯ ಬೋಧಿಸಿ ಕೈತೊಳೆದುಕೊಂಡರೆ ಸಾಲದು, ಕೊಳ್ಳುವವರೂ ತಮ್ಮ ರೂಢಿ ಬದಲಿಸಬೇಕು. ಲಕ್ಷಗಟ್ಟಲೆ ಎಣಿಸುವವರು ಮಿಸ್ತ್ರಿಗೆ ಒಂದು ಚಹಾ ಕುಡಿಸಿ ಗಾಡಿ ನೋಡಿಸುತ್ತಾರೆ. ಅವನ ಕೂಲಿ ಮಾರುವವನ ಕಡೆಯಿಂದ ಬಂದರೆ ಅವನ ನಾಲಿಗೆಯೂ ಆ ಕಡೆಗೆ ಕಟ್ಟಿಹೋಗುತ್ತದೆ. ನೋಡುವ ಕೂಲಿಯನ್ನು ಕೊಳ್ಳುವವನೇ ಮೊದಲೇ ಕೊಡಲಿ, ದಲಾಲನ ಗ್ಯಾರೇಜಿಗೆ ಬಿಟ್ಟು ಬೇರೆ ಕಡೆ ಒಯ್ದು ತೋರಿಸಲಿ, ರಾತ್ರಿ ನಿಲ್ಲಿಸಿ ಬೆಳಿಗ್ಗೆ ಇಂಜಿನ್ ಹಚ್ಚುವ ಮುನ್ನ ನೋಡಲಿ. ಮಿಸ್ತ್ರಿ ತಾನು ಕಂಡದ್ದನ್ನು, ಕಂಡಷ್ಟನ್ನೇ, ಒಂದು ಚೀಟಿಯಲ್ಲಿ ಬರೆದು ಇಬ್ಬರಿಗೂ ಕೊಡಲಿ.