ನಾಟಕ ಮೊದಲೋ, ನಾಟಕಶಾಲೆ ಮೊದಲೋ

ಲಂಡನ್ನಿಗೆ ಹೋಗಿ ಬಂದ ನನ್ನ ಮಿತ್ರರೊಬ್ಬರು ಅಲ್ಲಿ ಕಂಡ ಸೋಜಿಗಗಳನ್ನು ಬಣ್ಣಿಸುತ್ತ ಡ್ರೂರಿ ಲೇನಿನ ಪ್ರಸಿದ್ಧ ನಾಟಕಶಾಲೆಯ ಮಾತೆತ್ತಿದರು. "ಯಾವ ನಾಟಕ ನೋಡಿದಿರಿ?" ಎಂದು ಕುತೂಹಲದಿಂದ ಕೇಳಿದೆ. "ನಾಟಕಕ್ಕೆ ಹೊತ್ತು ಸಾಲಲಿಲ್ಲ ಮೇಷ್ಟ್ರೇ. ಆದರೆ ನಾಟಕಶಾಲೆಯನ್ನು ಮಾತ್ರ ಒಂದು ಮೂಲೆಯನ್ನೂ ಬಿಡದೆ ನೋಡಿದೆ. ತೋರಿಸುವುದಕ್ಕೆಂದೇ ಒಬ್ಬ ಮಾರ್ಗದರ್ಶಿ ಇದ್ದ" ಎಂದರು. ಪರದೆಯ ಹಿಂದಕ್ಕೆ ಹೋಗಿದ್ದರಂತೆ. ರಂಗದ ಅಡಿಯಲ್ಲಿರುವ ನೆಲಮಾಳಿಗೆಗೆ ಇಳಿದಿದ್ದರಂತೆ. ರಾಜಮನೆತನದವರು ಕೂರುವ ಜಾಗವನ್ನೂ ಕಂಡರಂತೆ. ಇಷ್ಟೆಲ್ಲವನ್ನೂ ಕಂಡವರು ನಾಟಕವೊಂದನ್ನು ಮಾತ್ರ ಕಂಡಿರಲಿಲ್ಲ.

ಅಡಿಗೆಮನೆಯನ್ನು ನೋಡಿ ಊಟ ಮಾಡದೆ ಎದ್ದು ಬಂದವನ ಕಥೆಯಂತಿದೆ ಎಂದು ಇದನ್ನು ಕೇಳಿ ಯಾರಾದರೂ ನಕ್ಕಾರು. ನನಗೆ ನಗು ಬರಲಿಲ್ಲ. ಏಕೆಂದರೆ ದೊಡ್ಡ ಪಟ್ಟಣಗಳಲ್ಲಿ ಇದೀಗ ಒಂದು ಮರ್ಯಾದೆಯ ಪದ್ಧತಿಯೇ ಆಗಿದೆ. ಡ್ರೂರಿ ಲೇನಿನಲ್ಲಿ ಮೊದಲ ನಾಟಕಶಾಲೆ ಕಟ್ಟಿದ್ದು 1663ರಲ್ಲಿ. ಈಗಿರುವ ಕಟ್ಟಡ 1812ರದು. ಇಟಲಿಯ ಮಿಲಾನಿನಲ್ಲಿ 1778ರಲ್ಲಿ ಬಾಗಿಲು ತೆರೆದ ಲಾ ಸ್ಕಾಲಾ ತನ್ನ ಪಕ್ಕದಲ್ಲಿಯೇ ಒಂದು ವಸ್ತುಸಂಗ್ರಹಾಲಯವನ್ನು ಇಟ್ಟುಕೊಂಡಿದೆ. ನಮ್ಮ ಮುಂಬಯಿಯ ರಾಯಲ್ ಆಪೆರಾ ಹೌಸ್ 1911ರಲ್ಲಿ ಆರಂಭವಾಗಿ, 1993ರಲ್ಲಿ ಮುಚ್ಚಿಹೋಗಿ, 2016ರಲ್ಲಿ ಮತ್ತೆ ಕಣ್ಣು ಬಿಟ್ಟಿತು. ಇಂತಹ ಮನೆಗಳನ್ನು ಉಳಿಸುವುದು ಸುಲಭದ ಕೆಲಸವಲ್ಲ. ಮಾಡು ಸೋರುತ್ತದೆ, ಮರಕ್ಕೆ ಗೆದ್ದಲು ಹಿಡಿಯುತ್ತದೆ, ಗಾರೆ ಉದುರುತ್ತದೆ. ನೋಡಲು ಬಂದವರು ಕೊಡುವ ದುಡ್ಡು, ವರ್ಷಕ್ಕೊಂದೆರಡು ವಿಶೇಷ ಸಮಾರಂಭಗಳಿಂದ ಬರುವ ದುಡ್ಡು ಆ ಮಾಡಿನ ರಿಪೇರಿಗೆ ಆಗುತ್ತದೆ. ಮಾಡಿಲ್ಲದಿದ್ದರೆ ನಾಟಕವೂ ಇಲ್ಲ. ಆದ್ದರಿಂದ ನನ್ನ ಮಿತ್ರರು ಕೊಟ್ಟ ದುಡ್ಡು ಯಾವನೋ ನಟನಿಗೆ ಪರೋಕ್ಷವಾಗಿ ನೆರವಾಗಿರಬಹುದು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಹಳೆಯ ನಾಟಕಶಾಲೆಗೆ ನಾವು ಸಲ್ಲಿಸಬೇಕಾದ ಋಣವೇನು? ಅದನ್ನು ಬೀಳದಂತೆ ನಿಲ್ಲಿಸಿ, ದೀಪ ಹಾಕಿ, ಬಂದವರಿಗೆ ತೋರಿಸಿದರೆ ಋಣ ತೀರಿತೆ?

ಇಟಲಿಯ ವಿಚೆಂಜಾ ಎಂಬ ಊರಿನಲ್ಲಿ ಒಲಿಂಪಿಕೊ ಎಂಬ ನಾಟಕಶಾಲೆಯಿದೆ. 1585ರಲ್ಲಿ ಗ್ರೀಕ್ ಕವಿ ಸೋಫೋಕ್ಲಿಸನ ಈಡಿಪಸ್ ನಾಟಕದೊಡನೆ ಅದು ಪ್ರಾರಂಭವಾಯಿತು. ಆ ಆಟಕ್ಕೆಂದು ಥೀಬ್ಸ್ ಪಟ್ಟಣದ ಬೀದಿಗಳನ್ನು ಮರದಲ್ಲಿ, ಗಾರೆಯಲ್ಲಿ ಕಟ್ಟಿದರು. ಆಟ ಮುಗಿಯಿತು, ಆಡಿದವರೂ ನೋಡಿದವರೂ ಮಣ್ಣಾದರು, ಆ ಬೀದಿಗಳು ಮಾತ್ರ ನಾನೂರು ವರ್ಷ ದಾಟಿ ಇಂದಿಗೂ ನಿಂತಿವೆ. ಪ್ರವಾಸಿಗಳು ಬಂದು ಬೆರಗಾಗಿ ನೋಡಿ ಹೋಗುತ್ತಾರೆ. ಹಳೆಯ ಮರಕ್ಕೆ ಪೆಟ್ಟಾಗದಿರಲೆಂದು ಅಲ್ಲಿ ಆಟಗಳನ್ನು ಮಿತವಾಗಿ ಆಡುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಅಷ್ಟು ಹಳೆಯ ಮರವನ್ನು ಯಾರಾದರೂ ಹಾಗೆಯೇ ಜೋಪಾನ ಮಾಡಿಯಾರು. ಆದರೆ ಇದರ ಒಳಗಿನ ವಿಚಿತ್ರವನ್ನು ಗಮನಿಸಬೇಕು. ನಾಟಕಕ್ಕಾಗಿ ಹುಟ್ಟಿದ ಮನೆಯನ್ನು ಕಾಪಾಡುವುದಕ್ಕಾಗಿ ನಾಟಕವೇ ಕಾಲು ಹಗುರ ಮಾಡಿ ನಡೆಯಬೇಕಾಗಿದೆ.

ನಮ್ಮ ಭರತಮುನಿಯ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದ ಕಥೆಯನ್ನು ಇಲ್ಲಿ ನೆನೆಯಬಹುದು. ಮೊಟ್ಟಮೊದಲ ನಾಟಕವನ್ನು ಆಡಿದ್ದು ಯಾವ ಮಂದಿರದಲ್ಲಿಯೂ ಅಲ್ಲ, ಇಂದ್ರಧ್ವಜದ ಉತ್ಸವದಲ್ಲಿ. ತಮ್ಮ ಸೋಲನ್ನು ಆಡಿ ತೋರಿಸಿದರೆಂದು ದೈತ್ಯರಿಗೆ ಕೋಪ ಬಂದು ವಿಘ್ನಗಳನ್ನು ತಂದೊಡ್ಡಿದರು. ನಟರ ಮಾತು, ಚಲನೆ, ನೆನಪು ಎಲ್ಲವೂ ಸ್ತಂಭಿಸಿಹೋಯಿತು. ಆಮೇಲೆ ಬ್ರಹ್ಮನು ವಿಶ್ವಕರ್ಮನನ್ನು ಕರೆದು ನಾಟ್ಯಗೃಹವನ್ನು ಕಟ್ಟೆಂದು ಹೇಳಿದನು. ಅಂದರೆ ಮೊದಲು ನಾಟಕ, ಆಮೇಲೆ ವಿಘ್ನ, ಅದಾದ ಮೇಲೆ ಮನೆ. ಮನೆ ಹುಟ್ಟಿದ್ದು ಕಾವಲಿಗೆ. ಕಾಯಬೇಕಾದ ವಸ್ತು ಹೊರಟುಹೋದ ಮೇಲೂ ಕಾವಲುಗಾರನಿಗೆ ನಮಸ್ಕಾರ ಮಾಡುತ್ತ ನಿಂತರೆ ಅದು ಭಕ್ತಿಯೋ, ಮರೆವೋ?

ನಾನಿರುವುದು ಚಳ್ಳಕೆರೆಯಲ್ಲಿ. ಶೇಂಗಾ ಎಣ್ಣೆಗೂ ಕಂಬಳಿಗೂ ಹೆಸರಾದ ಊರು; ಪಕ್ಕದ ತಾಲ್ಲೂಕು ರೇಷ್ಮೆ ಸೀರೆಯ ಮೊಳಕಾಲ್ಮೂರು. ಈ ಎರಡು ತಾಲ್ಲೂಕುಗಳಲ್ಲಿ ಪ್ರವಾಸಿಗಳನ್ನು ಕರೆದೊಯ್ದು ತೋರಿಸುವಂತಹ ಇನ್ನೂರು ವರ್ಷದ ನಾಟಕಶಾಲೆ ಒಂದೂ ಇಲ್ಲ. ಹಾಗೆಂದು ನಾಟಕವಿರಲಿಲ್ಲವೆ? ಬೇಕಾದಷ್ಟಿತ್ತು. ಸುಗ್ಗಿ ಮುಗಿದು ಕೈಗೆ ಬಿಡುವಾದ ಮೇಲೆ ಊರ ಮುಂದಿನ ಬಯಲಿನಲ್ಲಿ ಅಟ್ಟ ಕಟ್ಟುತ್ತಿದ್ದರು. ಕಂಬ ಒಬ್ಬರ ಮನೆಯದು, ಹಲಗೆ ಇನ್ನೊಬ್ಬರ ಮನೆಯದು. ತಿಂಗಳುಗಟ್ಟಲೆ ತಾಲೀಮು ಮಾಡಿದವರು ಬಣ್ಣ ಬಳಿದು, ಹಗುರವಾದ ಮರದ ಕಿರೀಟ ಭುಜಕೀರ್ತಿಗಳನ್ನು ಕಟ್ಟಿಕೊಂಡು ತೆರೆಯ ಹಿಂದೆ ನಿಲ್ಲುತ್ತಿದ್ದರು. ಗಣಪತಿಯ ಪೂಜೆಯಾದ ಮೇಲೆ ಭಾಗವತ ಹಾಡು ಎತ್ತುತ್ತಿದ್ದ, ಮದ್ದಲೆ ಮಾತಾಡುತ್ತಿತ್ತು, ಸಾರಥಿ ಮುಂದೆ ಬಂದು, ಬಂದ ಪಾತ್ರವನ್ನು ನೀವು ಯಾರು, ಯಾವ ದೇಶದವರು ಎಂದು ವಿಚಾರಿಸುತ್ತಿದ್ದ. ಕರಿಭಂಟನ ಕಾಳಗವಾಗಲಿ ಬಭ್ರುವಾಹನನ ಕಾಳಗವಾಗಲಿ, ಮುಗಿಯುವಾಗ ಮೂಡಲು ಕೆಂಪಾಗುತ್ತಿತ್ತು. ಬೆಳಗಾದರೆ ಕಂಬ ಕಂಬದವರ ಮನೆಗೆ, ಹಲಗೆ ಹಲಗೆಯವರ ಮನೆಗೆ. ಮಧ್ಯಾಹ್ನದ ಹೊತ್ತಿಗೆ ಆ ಬಯಲಿನಲ್ಲಿ ಆಡು ಮೇಯುತ್ತಿದ್ದವು.

ಇಲ್ಲಿಗೆ ಮಾರ್ಗದರ್ಶಿಯೊಬ್ಬ ಪ್ರವಾಸಿಗಳನ್ನು ಕರೆತಂದನೆಂದು ಇಟ್ಟುಕೊಳ್ಳೋಣ. ಏನನ್ನು ತೋರಿಸಿಯಾನು? ಒಂದು ಬೇವಿನ ಮರ, ಒಂದು ಬಯಲು. ಗುಬ್ಬಿ ಕಂಪನಿಯಂತಹ ವೃತ್ತಿಮಂಡಳಿಗಳ ಪಾಡೂ ಇದೇ. 1884ರಲ್ಲಿ ಹುಟ್ಟಿದ ಆ ಕಂಪನಿ ಊರಿಂದೂರಿಗೆ ತನ್ನ ಥಿಯೇಟರನ್ನೇ ಹೊತ್ತು ತಿರುಗಿತು. ಡೇರೆ ಎತ್ತಿದ ಮೇಲೆ ಉಳಿದದ್ದು ಗೂಟ ಹೊಡೆದ ಕುಳಿಗಳು. ಮೊಳಕಾಲ್ಮೂರಿನಿಂದ ಉತ್ತರಕ್ಕೆ ನಡೆದರೆ ಸಿಗುವ ಬಳ್ಳಾರಿಯಲ್ಲಿ 1946ರವರೆಗೆ ಬದುಕಿದ್ದ ವಕೀಲ ನಟ ರಾಘವರ ಹೆಸರಿನಲ್ಲಿ ಕಲಾಮಂದಿರವೇನೋ ಇದೆ. ಆದರೆ ಆ ಕಂಠವನ್ನು ಯಾವ ಗೋಡೆಯೂ ಹಿಡಿದಿಟ್ಟುಕೊಂಡಿಲ್ಲ.

ಕಲ್ಲಿನಲ್ಲಿ ಉಳಿದದ್ದು ಮಾತ್ರ ಉಳಿದದ್ದು ಎಂದು ಭಾವಿಸುವವರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಒಮ್ಮೆ ಬರಬೇಕು. ಅಲ್ಲಿ ಅಶೋಕ ಚಕ್ರವರ್ತಿಯ ಶಾಸನವಿದೆ. ಸುವರ್ಣಗಿರಿಯಿಂದ ರಾಜಪುತ್ರನು ಇಸಿಲದ ಅಧಿಕಾರಿಗಳಿಗೆ ಕಳುಹಿಸಿದ ಸಂದೇಶ ಅದು. ಬರೆದವನು ಚಪಡನೆಂಬ ಲಿಪಿಕಾರ. ದೊಡ್ಡವರೂ ಸಣ್ಣವರೂ ಧರ್ಮಕ್ಕಾಗಿ ಶ್ರಮಿಸಬೇಕು, ತಂದೆತಾಯಿಗಳ ಸೇವೆ ಮಾಡಬೇಕು, ಜೀವಗಳಲ್ಲಿ ದಯೆಯಿರಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬುದು ಅದರ ಸಾರಾಂಶ. ಜನರ ಕಿವಿಗೆ ಮುಟ್ಟಬೇಕೆಂದೇ ಕೆತ್ತಿಸಿದ ಮಾತು. ಆದರೆ ಲಿಪಿಯನ್ನು ಓದುವ ವಿದ್ಯೆಯೇ ಮರೆತುಹೋಯಿತು. 1837ರಲ್ಲಿ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಗುಟ್ಟು ಬಿಡಿಸಿದ, 1892ರಲ್ಲಿ ಬಿ. ಎಲ್. ರೈಸ್ ಈ ಶಾಸನವನ್ನು ಬೆಳಕಿಗೆ ತಂದ. ನಡುವಿನ ಶತಮಾನಗಳಲ್ಲಿ ಆ ಬಂಡೆಯ ಪಕ್ಕದಲ್ಲಿ ಕುರಿ ಕಾಯ್ದವರಿಗೆ ಅದು ಗೀಚಿದ ಕಲ್ಲು. ಕಲ್ಲು ಒಂದಕ್ಷರವನ್ನೂ ಬಿಡದೆ ಕಾಪಾಡಲು ಹೆಣಗಿತು. ಮಾತು ಮಾತ್ರ ಮೂಕವಾಯಿತು. ಇತ್ತ, ಯಾವ ಬಂಡೆಯ ಆಸರೆಯೂ ಇಲ್ಲದ ಕರಿಭಂಟನ ಕಥೆ ಬಾಯಿಂದ ಬಾಯಿಗೆ, ಕಾಲಿನಿಂದ ಕಾಲಿಗೆ ಹರಿದು ನಮ್ಮವರೆಗೆ ಬಂದಿತು. ಉಳಿಸುವುದರಲ್ಲಿ ಎರಡು ಬಗೆ: ಒಂದು, ವಸ್ತುವನ್ನು ಇಡುವುದು, ಇನ್ನೊಂದು, ಕೆಲಸವನ್ನು ಮುಂದುವರಿಸುವುದು. ಮೊದಲನೆಯದಕ್ಕೆ ಬೀಗ ಸಾಕು. ಎರಡನೆಯದಕ್ಕೆ ಶಿಷ್ಯ ಬೇಕು.

ಹಾಗಾದರೆ ಮಾರ್ಗದರ್ಶಿಗಳೊಡನೆ ಹಳೆಯ ಜಾಗಗಳನ್ನು ನೋಡುವುದು ವ್ಯರ್ಥವೆ? ಹಾಗೆ ಹೇಳಲಾರೆ. ನಮ್ಮ ಜಿಲ್ಲೆಯ ಚಿತ್ರದುರ್ಗದ ಕೋಟೆಯಲ್ಲಿ ಮಾರ್ಗದರ್ಶಿಗಳು ಓಬವ್ವನ ಕಿಂಡಿಯನ್ನು ತೋರಿಸುವ ಬಗೆಯನ್ನು ಕಂಡವರು ಬಲ್ಲರು. ಗಂಡ ಊಟಕ್ಕೆ ಕುಳಿತಿದ್ದಾನೆ, ಹೆಂಡತಿ ನೀರಿಗೆ ಬಂದಿದ್ದಾಳೆ, ಕಿಂಡಿಯಲ್ಲಿ ಹೈದರನ ಸೈನಿಕನ ತಲೆ ಕಾಣಿಸುತ್ತದೆ. ಇಲ್ಲಿಗೆ ಬರುವಾಗ ಮಾರ್ಗದರ್ಶಿಯ ದನಿ ತಗ್ಗುತ್ತದೆ. ಕೈ ತಾನಾಗಿ ಮೇಲಕ್ಕೇಳುತ್ತದೆ. ಆ ಕೈಯಲ್ಲಿ ಇಲ್ಲದ ಒನಕೆಯನ್ನು ನಾವು ಕಾಣುತ್ತೇವೆ. ಆ ಗಳಿಗೆಯಲ್ಲಿ ಅವನು ಪಾತ್ರಧಾರಿ, ನಾವು ಸಭಿಕರು. ಬರಿಯ ಬಂಡೆಯ ಸಂದು ಮತ್ತೆ ರಂಗವಾಗುತ್ತದೆ. ತೋರಿಸುವವನಿಗೆ ಕಥೆಯ ಮೇಲೆ ಪ್ರೀತಿಯಿದ್ದರೆ ನೋಡುವುದೂ ಒಂದು ಆಟವಾದೀತು.

ಇನ್ನು ವಿಶೇಷ ಸಮಾರಂಭಗಳ ವಿಷಯ. ಉತ್ಸವಗಳಲ್ಲಿ ಈಗ ಬಯಲಾಟಕ್ಕೂ ಅವಕಾಶವುಂಟು. ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಇಡೀ ರಾತ್ರಿಯ ಪ್ರಸಂಗದಲ್ಲಿ ಒಂದು ಕಾಳಗ, ಒಂದು ಕುಣಿತವನ್ನು ಕತ್ತರಿಸಿ ಮೈಕಿನ ಮುಂದಿಡುತ್ತಾರೆ. ಕಟ್ಟಡವನ್ನು ಸುತ್ತಿ ನೋಡಿದಂತೆ ಇದು ನಾಟಕವನ್ನೇ ಸುತ್ತಿ ನೋಡುವ ಪ್ರವಾಸ. ಕತ್ತರಿಗೆ ಮೊದಲು ಬಲಿಯಾಗುವವನು ಸಾರಥಿ. ಅವನ ನಿಧಾನದ ವಿಚಾರಣೆಗೆ ಸಮಯವಿಲ್ಲ. ಪಾತ್ರ ತಾನು ಯಾರೆಂದು ಹೇಳಿಕೊಳ್ಳುವ ಮೊದಲೇ ಯುದ್ಧ ಮಾಡಿ ಮುಗಿಸಿರುತ್ತದೆ.

ಇದಕ್ಕೆ ಸಿಟ್ಟಾಗುವ ಮೊದಲು ಇನ್ನೊಂದು ಮಗ್ಗುಲನ್ನೂ ನೋಡಬೇಕು. ಬೆಳಿಗ್ಗೆ ಹತ್ತಕ್ಕೆ ಹಾಜರಿ ಕೂಗಬೇಕಾದ ನನ್ನಂತಹ ಮೇಷ್ಟರು ರಾತ್ರಿ ಹನ್ನೊಂದಕ್ಕೆ ಮಲಗಿಬಿಡುತ್ತಾರೆ. ಊರವರೆಲ್ಲ ಬೆಳತನಕ ಎದ್ದಿರಬೇಕೆಂದು ವಿಧಿಸುವ ಹಕ್ಕು ಅಂಥವರಿಗಿಲ್ಲ. ಉತ್ಸವದ ಅರ್ಧ ಗಂಟೆಗೆ ಸಿಗುವ ಸಂಭಾವನೆಯಿಂದ ಒಬ್ಬ ಕಲಾವಿದನ ಮನೆಗೆ ರಾಗಿ ಬರುವುದಾದರೆ, ಕಲೆಯ ಶುದ್ಧಿಯ ಹೆಸರಿನಲ್ಲಿ ಬೇಡವೆನ್ನುವುದು ಹೊಟ್ಟೆ ತುಂಬಿದವರ ಮಾತಾದೀತು. ಶುದ್ಧಿಯನ್ನು ಬೇಯಿಸಿ ತಿನ್ನಲಾಗುವುದಿಲ್ಲ.

ಆದ್ದರಿಂದ ತಿರುಗಾಟವಾಗಲಿ ಸಮಾರಂಭವಾಗಲಿ ಒಳ್ಳೆಯದೋ ಕೆಟ್ಟದೋ ಎಂದು ಕೇಳುವುದರಿಂದ ಫಲವಿಲ್ಲ. ಅದು ಮುಗಿದ ಮೇಲೆ ಯಾರ ಕೈಗೆ ಯಾವ ಕೆಲಸ ಬಂದಿತು ಎಂದು ಕೇಳಬೇಕು. ನೋಡಿ ಹೋದವರಲ್ಲಿ ಒಬ್ಬ ಹುಡುಗನಾದರೂ ತಾಳ ಹಿಡಿಯಲು ಬಂದರೆ ಆ ಅರ್ಧ ಗಂಟೆ ಬೀಜವಾಯಿತು. ಎಲ್ಲರೂ ಪಟ ತೆಗೆದುಕೊಂಡು ಹೊರಟರೆ ಅದು ಹುರಿದ ಕಾಳು. ತಿನ್ನುವುದಕ್ಕೆ ರುಚಿ, ಬಿತ್ತಿದರೆ ಮೊಳೆಯದು.

ಇದು ಆಗದ ಮಾತೇನೂ ಅಲ್ಲ. ನಮ್ಮ ಜಿಲ್ಲೆಯದೇ ಆದ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಒಂದು ಸಣ್ಣ ಹಳ್ಳಿ. ಅಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳ ಪ್ರೇರಣೆಯಿಂದ ಶಿವಕುಮಾರ ಕಲಾಸಂಘ ಬೆಳೆಯಿತು. ಶಿವಸಂಚಾರವೆಂಬ ತಂಡ 1997ರಿಂದ ನಾಟಕಗಳನ್ನು ಹೊತ್ತು ನಾಡಿನ ಊರೂರಿಗೆ ಹೊರಟಿತು. ಬಯಲು ರಂಗಮಂದಿರವನ್ನೂ ಕಟ್ಟಿದ್ದಾರೆ. ಅಲ್ಲಿಗೆ ಹೋದವರೂ ಕಟ್ಟಡವನ್ನು ಮೆಚ್ಚುತ್ತಾರೆ. ಆದರೆ ಕಟ್ಟಡ ಅಲ್ಲಿ ಕೆಲಸದ ಬೆನ್ನಿಗೆ ನಿಂತಿದೆ, ಭರತಮುನಿಯ ಕಥೆಯಲ್ಲಿ ನಿಂತ ಹಾಗೆ.

ಚಳ್ಳಕೆರೆ, ಮೊಳಕಾಲ್ಮೂರಿನ ಕಡೆ ಬಯಲಾಟ ಕಲಿಸಿದ ಹಿರಿಯರಿಗೆ ವಯಸ್ಸಾಗುತ್ತಿದೆ. ಅಂತಹವರೊಬ್ಬರು ಕಣ್ಣು ಮುಚ್ಚಿದರೆ ಪ್ರಸಂಗದ ಹಸ್ತಪ್ರತಿ ಪೆಟ್ಟಿಗೆಯಲ್ಲಿ ಉಳಿದೀತು. ಮಗನೋ ಮೊಮ್ಮಗನೋ ಅದನ್ನು ಯಾವುದಾದರೂ ಗ್ರಂಥಾಲಯಕ್ಕೆ ಕೊಟ್ಟಾನು. ಆದರೆ ಯಾವ ಪದಕ್ಕೆ ಯಾವ ಮಟ್ಟು, ಯಾವ ಮಾತಿಗೆ ಯಾವ ಹೆಜ್ಜೆ ಎಂಬುದು ಹಸ್ತಪ್ರತಿಯಲ್ಲಿಲ್ಲ. ಬ್ರಹ್ಮಗಿರಿಯ ಬಂಡೆಗಾದರೂ ಎರಡು ಸಾವಿರ ವರ್ಷದ ಮೇಲೆ ಒಬ್ಬ ಪ್ರಿನ್ಸೆಪ್ ಸಿಕ್ಕಿದ. ಹಾಡಿ ಆರಿಹೋದ ಮಟ್ಟಿಗೆ ಯಾವ ಪ್ರಿನ್ಸೆಪ್ಪನೂ ಸಿಗಲಾರ.

ನಮ್ಮ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಹೆಸರಿನಲ್ಲಿ ಜನ ಹೇಳುವ ಮಾತೊಂದಿದೆ: ಮಾಡಿದಷ್ಟು ನೀಡು ಭಿಕ್ಷೆ. ಕೆರೆಕಟ್ಟೆಗಳನ್ನು ಕಟ್ಟಿಸಿ, ದುಡಿದವರಿಗೆ ದುಡಿದಷ್ಟು ಸಂದಾಯವಾಗಬೇಕೆಂದು ಬಯಸಿದ ಸಂತರ ಮಾತು. ನಮಗೂ ಹಳೆಯ ರಂಗಭೂಮಿ ಅಷ್ಟನ್ನೇ ನೀಡುತ್ತದೆ. ಕಣ್ಣು ಹಾಯಿಸಿದವರಿಗೆ ಒಂದು ನೋಟ. ಕೂತು ಕೇಳಿದವರಿಗೆ ಒಂದು ರಾತ್ರಿ. ಗೆಜ್ಜೆ ಕಟ್ಟಿದವರಿಗೆ ಪೂರ್ತಿ ಪ್ರಸಂಗ.

ಓದುಗರಲ್ಲಿ ಯಾರಾದರೂ ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಹಳೆಯ ನಾಟಕಶಾಲೆಯೊಂದನ್ನು ನೋಡಲು ಹೋದರೆ ಖಂಡಿತ ಹೋಗಲಿ, ಕಂಬಗಳನ್ನೂ ಪರದೆಗಳನ್ನೂ ಮನಸಾರೆ ನೋಡಲಿ. ಕೊನೆಯಲ್ಲಿ ಮಾರ್ಗದರ್ಶಿಯನ್ನು ಒಂದು ಮಾತು ಕೇಳಿ ಬರಲಿ: "ಇಲ್ಲಿ ಮುಂದಿನ ಆಟ ಯಾವತ್ತು?" ಅವನು ದಿನ ಹೇಳಿದರೆ ಅಲ್ಲಿಯೇ ಟಿಕೆಟ್ಟು ಕೊಂಡುಬಿಡುವುದು ಒಳ್ಳೆಯದು.