ಅವನ ತಲೆನೋವು, ನಿಮ್ಮ ಜ್ವರ

ಪ್ರೀತಿ ಶುರುವಾದ ಹೊಸತರಲ್ಲಿ ‘ತಲೆ ಸಿಡೀತಿದೆ’ ಎಂಬ ಮೆಸೇಜು ಬಂದರೆ ಓದಿದವರ ಮನಸ್ಸು ಕರಗುತ್ತದೆ. ‘ಮಾತ್ರೆ ತಗೊಂಡ್ಯಾ? ಊಟ ಆಯ್ತಾ? ಸ್ವಲ್ಪ ಹೊತ್ತು ಮಲಗು’ ಎಂದು ಉತ್ತರ ತಾನಾಗಿಯೇ ಹೋಗುತ್ತದೆ. ವರ್ಷ ಕಳೆಯುವಷ್ಟರಲ್ಲಿ ಅದೇ ಮೆಸೇಜು ಕಂಡರೆ ಮೊಬೈಲನ್ನು ಬೋರಲು ಹಾಕಿಬಿಡೋಣ ಅನ್ನಿಸುತ್ತದೆ. ಇವತ್ತು ತಲೆ, ನಾಳೆ ಸೊಂಟ, ನಾಡಿದ್ದು ಹೊಟ್ಟೆಯುಬ್ಬರ, ಆಚೆ ನಾಡಿದ್ದು ಎದೆಯಲ್ಲಿ ಏನೋ ಚುಚ್ಚಿದ ಹಾಗೆ. ಸಿನಿಮಾಕ್ಕೆ ಹೋದರೆ ಎ.ಸಿ. ಗಾಳಿಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ನಂದಿಬೆಟ್ಟಕ್ಕೆ ಹೋಗೋಣವೆಂದರೆ ಮಂಡಿ ಬಿಡುವುದಿಲ್ಲ. ಹೋಟೆಲಿನಲ್ಲಿ ಕೂತರೆ ತಿಂಡಿ ಬರುವ ಮೊದಲೇ ಹುಳಿತೇಗು. ಇಂಥವರನ್ನು ಮನಸಾರೆ ಪ್ರೀತಿಸುತ್ತಿರುವ ಹುಡುಗ ಹುಡುಗಿಯರು ನನ್ನ ಪರಿಚಯದಲ್ಲೇ ಇದ್ದಾರೆ. ಅವರಲ್ಲೊಬ್ಬಳ ಮನೆಯಲ್ಲಿ ಈಗ ಮದುವೆಯ ಮಾತು ನಡೆಯುತ್ತಿದೆ. ಮೊನ್ನೆ ಅವಳು ಕೇಳಿದಳು: ‘ನೀವೇ ಹೇಳಿ ಅಕ್ಕಾ, ಅವನಿಗೆ ನಿಜವಾಗ್ಲೂ ನೋಯುತ್ತಾ? ಇಲ್ಲಾ ನಾನು ಯಾವಾಗ್ಲೂ ಅವನ ಹಿಂದೇನೇ ಇರ್ಲಿ ಅಂತ ಹೀಗೆ ಮಾಡ್ತಾನಾ?’

ಅವಳ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಕೂತರೆ ಯಾವ ಜೋಡಿಯೂ ಮುಂದಕ್ಕೆ ಹೋಗಲಾರದು ಎಂಬುದು ನನ್ನ ಬಲವಾದ ನಂಬಿಕೆ. ಇನ್ನೊಬ್ಬರ ನೋವನ್ನು ಅಳೆಯುವ ಯಂತ್ರ ಯಾವ ಆಸ್ಪತ್ರೆಯಲ್ಲೂ ಇಲ್ಲ. ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘವು ತಾನು 1979ರಲ್ಲಿ ಕೊಟ್ಟಿದ್ದ ನೋವಿನ ವ್ಯಾಖ್ಯೆಯನ್ನು 2020ರಲ್ಲಿ ಪರಿಷ್ಕರಿಸಿತು. ನೋವಿದೆ ಎಂದು ಒಬ್ಬರು ಹೇಳಿದರೆ ಆ ಮಾತಿಗೆ ಬೆಲೆ ಕೊಡಬೇಕು ಎಂಬ ವಿವರಣೆಯನ್ನು ಅದರ ಜೊತೆಗೇ ಸೇರಿಸಿತು. ಮನೋವೈದ್ಯರೂ ಅದೇ ಹಾದಿ ಹಿಡಿದಿದ್ದಾರೆ. 2013ರಲ್ಲಿ ಬಂದ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ, ದೇಹದ ಬಾಧೆಗಳ ಚಿಂತೆಯೇ ಕಾಯಿಲೆಯಾಗಿದೆ ಎನ್ನಲು ಪರೀಕ್ಷೆಯಲ್ಲಿ ಏನೂ ಸಿಗದೇ ಇರಬೇಕು ಎಂಬ ನಿಯಮ ಈಗಿಲ್ಲ. ಬಾಧೆಯ ಸುತ್ತ ಯೋಚನೆ, ಭಯ, ಓಡಾಟ ಎಷ್ಟು ಬೆಳೆದಿವೆ, ಅದು ಸಾಮಾನ್ಯವಾಗಿ 6 ತಿಂಗಳಿಗೂ ಮೀರಿ ಎಷ್ಟು ಕಾಲದಿಂದ ನಡೆದಿದೆ ಎಂಬುದನ್ನು ವೈದ್ಯರು ನೋಡುತ್ತಾರೆ. ‘ನಿಜವೋ ನಾಟಕವೋ’ ಎಂಬ ವಿಚಾರಣೆಯನ್ನು ವೈದ್ಯಶಾಸ್ತ್ರವೇ ಕೈಬಿಟ್ಟಿರುವಾಗ ಪ್ರೀತಿಸುವವರು ಅದನ್ನು ಯಾಕೆ ಹೊತ್ತುಕೊಳ್ಳಬೇಕು?

ಈ ವಿಷಯದಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆದ ಒಂದು ಅಧ್ಯಯನ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ನಿಮ್ಹಾನ್ಸ್‌ನ ಆರ್. ರಘುರಾಮ್, ಎಸ್.ಎಂ. ಚನ್ನಬಸವಣ್ಣ ಮತ್ತು ಅವರ ಜೊತೆಗಾರರು ಅಲ್ಲಿನ ಹೊರರೋಗಿ ವಿಭಾಗಕ್ಕೆ ಬಂದ 80 ಜನರನ್ನು ಮಾತಾಡಿಸಿ, 1996ರಲ್ಲಿ ಅದನ್ನು ಪ್ರಕಟಿಸಿದರು. ಖಿನ್ನತೆಯ ಲಕ್ಷಣ ಹೆಚ್ಚಿದ್ದವರಿಗೆ ಸಮಾಜ ತಮ್ಮನ್ನು ಹೀನವಾಗಿ ನೋಡುತ್ತದೆಂಬ ಅಳುಕು ಹೆಚ್ಚಿತ್ತು. ಮೈಕೈ ನೋವಿನ ದೂರು ಹೆಚ್ಚಿದ್ದವರಲ್ಲಿ ಆ ಅಳುಕು ಕಡಿಮೆಯಿತ್ತು. ಇದು ನಮ್ಮ ಮನೆಗಳನ್ನು ಬಲ್ಲ ಯಾರಿಗೂ ಆಶ್ಚರ್ಯ ತರುವ ಸಂಗತಿಯಲ್ಲ. ತಲೆನೋವು, ಸೊಂಟನೋವು ಯಾರಿಗೆ ಬರುವುದಿಲ್ಲ? ಅದನ್ನು ಅತ್ತೆಯ ಮುಂದೆ, ಆಫೀಸಿನಲ್ಲಿ, ಬಸ್ಸಿನ ಪಕ್ಕದ ಸೀಟಿನವರ ಮುಂದೆ ಕೂಡ ಹೇಳಿಕೊಳ್ಳಬಹುದು. ‘ನನಗೆ ಏನೂ ಬೇಡವಾಗಿದೆ, ರಾತ್ರಿ ಭಯ ಆಗುತ್ತೆ, ಕೆಲಸ ಹೋದರೆ ಏನು ಗತಿ ಅಂತ ನಿದ್ದೆ ಬರಲ್ಲ’ ಎಂದು ಹೇಳಿಕೊಂಡರೆ ಮಾತ್ರ ಸಂಬಂಧ ಕುದುರುವುದಿಲ್ಲ, ಹೆಸರು ಕೆಡುತ್ತದೆ. ಗಂಡುಹುಡುಗರಿಗಂತೂ ಅಳುವುದಕ್ಕೇ ಅನುಮತಿಯಿಲ್ಲ. ಬೆನ್ನು ಹಿಡಿದುಕೊಂಡಿದೆ ಎನ್ನುವುದಕ್ಕೆ ಇದೆ. ಹೀಗಾಗಿ ಅವನ ಬೆನ್ನುನೋವಿನ ಹಿಂದೆ ಅವನು ಬಾಯಿಬಿಟ್ಟು ಹೇಳಲಾರದ ಇನ್ನೇನೋ ಇರುವ ಸಾಧ್ಯತೆ ದೊಡ್ಡದು. ಅಷ್ಟರಿಂದ ಬೆನ್ನುನೋವು ಸುಳ್ಳಾಗುವುದಿಲ್ಲ. ಮನಸ್ಸು ಬಿಗಿದುಕೊಂಡಾಗ ಸ್ನಾಯುವೂ ಬಿಗಿಯುತ್ತದೆ, ನಿದ್ದೆಗೆಟ್ಟವನ ತಲೆ ನಿಜವಾಗಿಯೇ ಸಿಡಿಯುತ್ತದೆ.

ಇದಕ್ಕೆ ಇನ್ನೊಂದು ಬೇರು ಬಾಲ್ಯದಲ್ಲಿದೆ ಎಂದು ನನಗೆ ತೋರುತ್ತದೆ. ಎಷ್ಟೋ ಮನೆಗಳಲ್ಲಿ ಮಕ್ಕಳನ್ನು ಮುದ್ದು ಮಾಡುತ್ತಿದ್ದುದು ಜ್ವರ ಬಂದಾಗ ಮಾತ್ರ. ಉಳಿದ ದಿನ ಬೈಗುಳ, ಟ್ಯೂಷನ್ನು, ಅಂಕಪಟ್ಟಿ. ಜ್ವರ ಬಂದ ದಿನ ಮಾತ್ರ ಅಮ್ಮ ಹಣೆ ಮುಟ್ಟಿ ನೋಡುತ್ತಿದ್ದಳು, ಅಪ್ಪ ಪಕ್ಕದಲ್ಲಿ ಬಂದು ಕೂರುತ್ತಿದ್ದ, ಮೆಣಸಿನ ಸಾರು ಅನ್ನ ಕಲೆಸಿ ಬಾಯಿಗಿಡುತ್ತಿದ್ದರು. ಹಾಗೆ ಬೆಳೆದವರಿಗೆ ಪ್ರೀತಿಯನ್ನು ಕೇಳಿ ಪಡೆಯಲು ಬೇರೆ ದಾರಿಯೇ ತಿಳಿದಿರುವುದಿಲ್ಲ. ಅವರು ಮೋಸ ಮಾಡುತ್ತಿಲ್ಲ.

ಇನ್ನು ನರಳುವವಳು ಹುಡುಗಿಯಾದರೆ ಹುಡುಗರು ಇನ್ನೂ ಎಚ್ಚರವಾಗಿರಬೇಕು. ‘ಇವಳದ್ದು ಯಾವಾಗ್ಲೂ ಇದೇ ಗೋಳು’ ಎಂದು ಗೆಳೆಯರ ಮುಂದೆ ನಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆಯಿದೆ. ದೇಶಕ್ಕೆ ಅದು ಶೇ 57. ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಯಾದರೆ ಸುಸ್ತು, ತಲೆಸುತ್ತು ಎನ್ನುವ ಹುಡುಗಿಗೆ ಮೊದಲು ಬೇಕಾದದ್ದು ಹಿಮೋಗ್ಲೋಬಿನ್ ಪರೀಕ್ಷೆ. ಮುಟ್ಟಿನ ದಿನಗಳಲ್ಲಿ ಹೊಟ್ಟೆ ಹಿಡಿದುಕೊಂಡು ಬಗ್ಗಿ ಕೂರುವವಳಿಗೆ ಎಂಡೊಮೆಟ್ರಿಯೋಸಿಸ್ ಇರಬಹುದು. ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಅದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅದು ಪತ್ತೆಯಾಗಲು ವರ್ಷಗಟ್ಟಲೆ ಹಿಡಿಯುತ್ತದೆ. ‘ಎಲ್ಲರಿಗೂ ಆಗೋದೇ ಅಲ್ವಾ’ ಎಂದು ಮನೆಯವರೂ ಕೆಲವೊಮ್ಮೆ ವೈದ್ಯರೂ ತಳ್ಳಿಹಾಕುವುದು ಅದಕ್ಕೊಂದು ದೊಡ್ಡ ಕಾರಣ. ಥೈರಾಯ್ಡ್ ಕಡಿಮೆಯಾದರೂ, ಬಿ12 ಕಡಿಮೆಯಾದರೂ ಮೈಕೈ ನೋವು, ಜೋಮು, ಮಂಕು ಕವಿದಂಥ ಸುಸ್ತು ಬರುತ್ತದೆ. ರಕ್ತಹೀನತೆ, ಥೈರಾಯ್ಡ್, ಬಿ12 ಇವು ಹೆಚ್ಚು ಖರ್ಚಿಲ್ಲದ ರಕ್ತಪರೀಕ್ಷೆಯಲ್ಲಿ ತಿಳಿಯುವಂಥವು.

ಆದ್ದರಿಂದ ಮೊದಲ ಕೆಲಸ ಒಬ್ಬ ಒಳ್ಳೆಯ ಫಿಜಿಷಿಯನ್‌ ಹತ್ತಿರ ಹೋಗುವುದು. ಐದು ಜನರ ಹತ್ತಿರವಲ್ಲ, ಒಬ್ಬರ ಹತ್ತಿರ. ‘ಡಾಕ್ಟರ್ ಹತ್ರ ಹೋಗು ಅಂತ ಎಷ್ಟು ಸಲ ಹೇಳೋದು’ ಎಂಬ ರೇಗಾಟದಿಂದ ಯಾರೂ ಹೋಗಿದ್ದಿಲ್ಲ. ‘ಶನಿವಾರ ಬೆಳಿಗ್ಗೆ ಹೋಗೋಣ, ನಾನೂ ಬರ್ತೀನಿ’ ಎಂದರೆ ಹೋಗುವವರಿದ್ದಾರೆ. ಅವನು ನುಂಗುತ್ತಿರುವ ಮಾತ್ರೆಗಳ ಪಟ್ಟಿಯೂ ಜೊತೆಗಿರಲಿ. ತಿಂಗಳಲ್ಲಿ 15 ದಿನ ಅಥವಾ ಅದಕ್ಕೂ ಹೆಚ್ಚು ಸಾಮಾನ್ಯ ನೋವಿನ ಮಾತ್ರೆ ನುಂಗುತ್ತ ಮೂರು ತಿಂಗಳು ದಾಟಿದರೆ, ಆ ಮಾತ್ರೆಯೇ ತಲೆನೋವು ತರಬಲ್ಲದು. ಮೆಡಿಕಲ್ ಶಾಪಿನಲ್ಲಿ ಕೇಳಿದ ತಕ್ಷಣ ಸ್ಟ್ರಿಪ್ ಸಿಗುವ ನಮ್ಮಲ್ಲಿ ಇದು ಎಷ್ಟೋ ಜನರಿಗೆ ಗೊತ್ತಿಲ್ಲ.

ರಿಪೋರ್ಟು ನಾರ್ಮಲ್ ಬಂದ ಮೇಲೂ ಭಯ ಹೋಗದೇ ಇದ್ದರೆ? ಪ್ರೀತಿಸುವವರು ಹೆಚ್ಚು ಬಳಲುವುದು ಇಲ್ಲಿ. ‘ನನಗೇನೂ ಆಗಿಲ್ಲ ಅಲ್ವಾ?’ ಎಂದು ಅವನು ಕೇಳುತ್ತಾನೆ. ‘ಏನೂ ಆಗಿಲ್ಲ ಕಣೋ’ ಎಂದು ಅವಳು ಹೇಳುತ್ತಾಳೆ. ಅರ್ಧ ಗಂಟೆ ನೆಮ್ಮದಿ. ಆಮೇಲೆ ಗೂಗಲ್‌ನಲ್ಲಿ ಮತ್ತೊಂದು ರೋಗದ ಹೆಸರು ಸಿಗುತ್ತದೆ, ಮತ್ತೆ ಅದೇ ಪ್ರಶ್ನೆ. ಆರೋಗ್ಯದ ಆತಂಕ ಬೆಳೆಯುವುದೇ ಹೀಗೆ. ಪ್ರತಿ ಸಲ ಸಿಗುವ ಸಮಾಧಾನ ಮುಂದಿನ ಸಲದ ಭಯಕ್ಕೆ ಜಾಗ ಮಾಡಿಕೊಡುತ್ತದೆ. ದಿನಕ್ಕೆ ಹತ್ತು ಸಲ ಧೈರ್ಯ ಹೇಳುವ ಗೆಳತಿ ತನಗೆ ಅರಿವಿಲ್ಲದೆ ಆ ಆತಂಕವನ್ನು ಸಾಕುತ್ತಿರುತ್ತಾಳೆ. ಇದಕ್ಕೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಚೆನ್ನಾಗಿ ಒಗ್ಗುತ್ತದೆ, ಅದನ್ನು ಕೊಡಬೇಕಾದವರು ತರಬೇತಿ ಪಡೆದ ಮನಃಶಾಸ್ತ್ರಜ್ಞರು. ಆಸ್ಪತ್ರೆಯ ಬಾಗಿಲು ತುಳಿಯಲು ಅಂಜುವವರು 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ಅದು. ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಸದಾ ನರಳುವವರ ಜೊತೆ ಬದುಕು ಸಾಗೀತೇ ಎಂದು ಕೇಳುವವರಿಗೆ ನಾನು ಚಾರ್ಲ್ಸ್ ಡಾರ್ವಿನ್‌ ಮನೆಯ ಕಥೆ ಹೇಳುತ್ತೇನೆ. 1831ರಲ್ಲಿ ಬೀಗಲ್ ಹಡಗು ಹೊರಡುವ ಮುನ್ನ ಪ್ಲಿಮತ್‌ನಲ್ಲಿ ಕಾಯುತ್ತಿದ್ದಾಗಲೇ ಆತನಿಗೆ ಎದೆ ಡವಗುಟ್ಟಿ, ಹೃದ್ರೋಗವೇ ಇರಬೇಕೆಂಬ ಭಯ ಹಿಡಿದಿತ್ತು. ಪ್ರಯಾಣ ಬೇಡವೆಂದಾರು ಎಂದು ವೈದ್ಯರಿಗೂ ತೋರಿಸಲಿಲ್ಲ. 1839ರ ಜನವರಿಯಲ್ಲಿ ಎಮ್ಮಾ ವೆಜ್‌ವುಡ್‌ಳನ್ನು ಮದುವೆಯಾದ ಮೇಲೆ ವಾಂತಿ, ಹೊಟ್ಟೆಯುಬ್ಬರ, ತಲೆಸುತ್ತು, ನಡುಕ, ವಿಪರೀತ ಸುಸ್ತು ಜೀವಮಾನವಿಡೀ ಬಿಡಲಿಲ್ಲ. 1849ರಿಂದ 1855ರವರೆಗೆ ತನ್ನ ಆರೋಗ್ಯದ ಬಗ್ಗೆಯೇ ಡೈರಿ ಬರೆದಿಟ್ಟ. ಮಾಲ್ವರ್ನ್‌ ಊರಿನ ಡಾಕ್ಟರ್ ಗಲ್ಲಿಯ ಹತ್ತಿರ ತಣ್ಣೀರು ಚಿಕಿತ್ಸೆಗೆ ಸಂಸಾರ ಸಮೇತ ಹೋಗಿ ತಿಂಗಳುಗಟ್ಟಲೆ ಉಳಿದ. 1859ರ ನವೆಂಬರಿನಲ್ಲಿ ‘ಜೀವಿಗಳ ಉಗಮ’ ಕುರಿತ ಆ ಮಹಾಗ್ರಂಥ ಹೊರಬಂದಾಗ ಕೂಡ ಇಲ್ಕ್ಲಿಯಲ್ಲಿ ನೀರಿನ ಚಿಕಿತ್ಸೆಯಲ್ಲಿದ್ದ. ಅವನಿಗೆ ಇದ್ದದ್ದು ಯಾವ ಕಾಯಿಲೆ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ದೇಹದ್ದೆಂದು ಕೆಲವರು, ಮನಸ್ಸಿನದೆಂದು ಕೆಲವರು ವಾದಿಸುತ್ತಲೇ ಇದ್ದಾರೆ.

ಎಮ್ಮಾ ಆ ವಾದಕ್ಕೆ ಕಾಯಲಿಲ್ಲ, ನೋಡಿಕೊಂಡಳು. ಆದರೆ ಆ ಮನೆಯಲ್ಲಿ ಕಾಯಿಲೆಯೊಂದೇ ಮಾತಾಗಿರಲಿಲ್ಲ. ಅವಳು ಪಿಯಾನೊ ನುಡಿಸುತ್ತಿದ್ದಳು, ಅವನು ಕೇಳುತ್ತಿದ್ದ. ರಾತ್ರಿ ಇಬ್ಬರೂ ಬ್ಯಾಕ್‌ಗ್ಯಾಮನ್ ಆಡುತ್ತಿದ್ದರು. 1876ರ ಜನವರಿಯಲ್ಲಿ ಗೆಳೆಯ ಏಸಾ ಗ್ರೇಗೆ ಬರೆದ ಪತ್ರದಲ್ಲಿ ಡಾರ್ವಿನ್ ಲೆಕ್ಕ ಕೊಟ್ಟಿದ್ದಾನೆ: ಎಮ್ಮಾ ಗೆದ್ದ ಆಟ 2490, ತಾನು ಗೆದ್ದದ್ದು 2795. ಅದಕ್ಕಿಂತ ಮುಖ್ಯವಾದದ್ದು 1851ರ ಏಪ್ರಿಲ್. ಹತ್ತು ವರ್ಷದ ಮಗಳು ಆನಿ ಮಾಲ್ವರ್ನ್‌ನಲ್ಲಿ ಹಾಸಿಗೆ ಹಿಡಿದಾಗ ಎಮ್ಮಾ ತುಂಬು ಬಸುರಿ, ಹೋಗುವ ಹಾಗಿರಲಿಲ್ಲ. ತನ್ನ ಹೊಟ್ಟೆಯ ಬಾಧೆಯನ್ನು ಸದಾ ಹೇಳಿಕೊಳ್ಳುತ್ತಿದ್ದ ಆ ಮನುಷ್ಯ ಮಗಳ ಹಾಸಿಗೆಯ ಪಕ್ಕ ಕೂತು, ಅವಳ ನಾಡಿ, ಅವಳ ವಾಂತಿ, ಅವಳು ಕುಡಿದ ಚಮಚ ನೀರು ಎಲ್ಲವನ್ನೂ ಎಮ್ಮಾಗೆ ಪತ್ರದಲ್ಲಿ ಬರೆಯುತ್ತ ಹೋದ. ಆ ತಿಂಗಳ 23ರಂದು ಮಗು ತೀರಿಕೊಂಡಿತು. ತನ್ನ ರೋಗದಲ್ಲಿ ಮುಳುಗಿಹೋದವನಿಗೆ ಹಾಗೆ ಕೂರಲು ಸಾಧ್ಯವಿಲ್ಲ.

ಆ ಹುಡುಗಿಗೆ ನಾನು ಹೇಳಿದ್ದು ಇದನ್ನೇ. ಅವನ ನೋವು ನಿಜವೋ ಅಲ್ಲವೋ ಬಿಡು. ಹೋದ ತಿಂಗಳು ನಿನಗೆ ವೈರಲ್ ಜ್ವರ ಬಂತಲ್ಲ, ಅವನು ಏನು ಮಾಡಿದ? ಗಂಜಿ ತಂದುಕೊಟ್ಟನೋ, ಇಲ್ಲ ‘ನನಗೂ ಮೈಯೆಲ್ಲ ಬಿಸಿ, ನಿನ್ನಿಂದಲೇ ಬಂತೇನೋ’ ಎಂದು ಫೋನಿಟ್ಟನೋ? ನಿನ್ನ ಕೆಲಸದ ಸುದ್ದಿ, ನಿನ್ನ ತಮ್ಮನ ಪರೀಕ್ಷೆ, ನೀನು ಕಂಡ ಸಿನಿಮಾ, ಇವುಗಳ ಬಗ್ಗೆ ಕೇಳುತ್ತಾನೋ? ಡಾಕ್ಟರ್ ಹತ್ತಿರ ಹೋಗೋಣವೆಂದಾಗ ಬರುತ್ತಾನೋ, ಪ್ರತಿ ಶನಿವಾರಕ್ಕೂ ಒಂದೊಂದು ನೆಪ ಹೇಳುತ್ತಾನೋ? ಅವಳು ಬಹಳ ಹೊತ್ತು ಯೋಚಿಸಿದಳು. ಉತ್ತರವನ್ನು ನನಗೆ ಹೇಳಬೇಕಾದ ಅಗತ್ಯವೂ ಇರಲಿಲ್ಲ.

ಕೇಳಿ ಕೇಳಿ ಬಳಲಿದವರು ಕಟುಕರಲ್ಲ. ‘ಇವತ್ತು ನನ್ನ ಕೈಲಿ ಆಗಲ್ಲ, ಬೇರೆ ಏನಾದ್ರೂ ಮಾತಾಡೋಣ’ ಎನ್ನುವ ಹಕ್ಕು ಅವರಿಗಿದೆ, ಅದನ್ನು ಮೆಲುದನಿಯಲ್ಲಿ ಹೇಳಿದರೂ ನಡೆಯುತ್ತದೆ. ಆದರೆ ಒಂದು ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ಸದಾ ದೂರುವವರಿಗೂ ಹೃದಯಾಘಾತವಾಗುತ್ತದೆ. ಎದೆಯ ನಡುವೆ ಅದುಮಿದಂಥ ನೋವು, ಬೆವರು, ಎಡಗೈಗೆ ಇಳಿಯುವ ಸೆಳೆತ, ಹಿಂದೆಂದೂ ಬಾರದಂಥ ದಿಢೀರ್ ತಲೆನೋವು, ಕಾರಣವಿಲ್ಲದೆ ಇಳಿಯುವ ತೂಕ ಕಂಡರೆ ‘ಇವನದ್ದು ಇದ್ದದ್ದೇ’ ಎನ್ನದೆ ಆ ಕ್ಷಣವೇ ಕರೆದುಕೊಂಡು ಹೋಗಿ.

ಕಾಯಿಲೆಯಿರುವವರಿಗೂ ಪ್ರೀತಿಸುವ, ಪ್ರೀತಿಸಲ್ಪಡುವ ಹಕ್ಕಿದೆ. ನೋವು ಹೇಳಿಕೊಳ್ಳುತ್ತಾರೆ ಎಂಬ ಕಾರಣಕ್ಕೆ ಯಾರನ್ನೂ ಬಿಡುವುದು ಸಲ್ಲ. ಚಿಕಿತ್ಸೆಯೂ ಬೇಡ, ನಿಮ್ಮ ಕಷ್ಟವೂ ಕೇಳಿಸದು ಎನ್ನುವವರ ಜೊತೆ ಮಾತ್ರ ಮದುವೆಗೆ ಅವಸರ ಮಾಡಬೇಡಿ. ಮನೆಯವರು ಮುಹೂರ್ತ ನೋಡಿಸಲು ಹೊರಟಿದ್ದರೆ ಆರು ತಿಂಗಳು ತಡೆಯಲು ಹೇಳಿ, ಆ ಆರು ತಿಂಗಳಲ್ಲಿ ಇಬ್ಬರೂ ಒಟ್ಟಿಗೆ ಒಮ್ಮೆ ವೈದ್ಯರನ್ನೂ ಒಮ್ಮೆ ಆಪ್ತಸಮಾಲೋಚಕರನ್ನೂ ಕಂಡು ಬನ್ನಿ.