ಜಗ್ಗಿ ನೋಡುವುದು

ಕಳೆದ ಶ್ರಾವಣದಲ್ಲಿ ಎರಡೂವರೆ ಸಾವಿರ ರೂಪಾಯಿ ಕೊಟ್ಟು ಒಂದು ಹತಾರಗಳ ಪೆಟ್ಟಿಗೆ ತರಿಸಿಕೊಂಡೆ. ಸೈಕಲ್ ರಿಪೇರಿಗೆಂದೇ ಮಾಡಿದ್ದು. ಮುಚ್ಚಳ ತೆಗೆದರೆ ಒಂದೊಂದು ಹತಾರವೂ ತನ್ನದೇ ಆಕಾರದ ಗೂಡಿನಲ್ಲಿ ಮಲಗಿತ್ತು. ಅರ್ಧದಷ್ಟರ ಹೆಸರು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿದ್ದ ಸೈಕಲ್ಲುಗಳೋ ಎರಡು: ನನ್ನದೊಂದು, ಏಳನೇ ತರಗತಿಯಲ್ಲಿ ಓದುವ ಅಣ್ಣನ ಮಗಳದೊಂದು. ಪೆಟ್ಟಿಗೆಯಲ್ಲಿ ಗೇರ್ ಸೈಕಲ್ಲಿನ ಹಿಂದಿನ ಗಾಲಿಯ ಹಲ್ಲುಚಕ್ರ ಬಿಚ್ಚುವ ಸಲಕರಣೆಯೂ ಇತ್ತು. ನಮ್ಮ ಎರಡೂ ಸೈಕಲ್ಲಿಗೆ ಗೇರೇ ಇರಲಿಲ್ಲ. ಆದರೂ ಅದನ್ನು ಕೈಯಲ್ಲಿ ಹಿಡಿದಾಗ ನಾನೊಬ್ಬ ಕೆಲಸಗಾರ ಅನ್ನಿಸಿತು. ಕೆಲಸ ಕಲಿಯುವ ಮೊದಲೇ ಕೆಲಸಗಾರನ ಹೆಮ್ಮೆಯನ್ನು ಕೊಳ್ಳಲು ಸಾಧ್ಯ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಮೊದಲ ಭಾನುವಾರವೇ ಕೆಲಸ ಸಿಕ್ಕಿತು. ಹುಡುಗಿಯ ಸೈಕಲ್ಲಿನ ಮುಂದಿನ ಬ್ರೇಕಿನ ವಾಯರ್ ಎಳೆ ಬಿಚ್ಚಿಕೊಂಡು ಹರಿಯುವುದರಲ್ಲಿತ್ತು. ಹೊಸ ವಾಯರ್ ತಂದೆ, ಅಂಗಳದಲ್ಲಿ ಹಳೆಯ ಚಾದರ ಹಾಸಿ ಕುಳಿತೆ. ಹಳೆಯದನ್ನು ತೆಗೆದು, ಹೊಸದನ್ನು ಕೊಳವೆಯಲ್ಲಿ ತೂರಿಸಿ, ಕೆಳಗೆ ಬ್ರೇಕಿನ ತೋಳಿನ ಹತ್ತಿರ ಬೋಲ್ಟಿನ ವಾಶರ್ ಅಡಿಗೆ ಸೇರಿಸಿ, ಐದು ಮಿಲಿಮೀಟರಿನ ಅಲೆನ್ ಕೀಯಿಂದ ಬಿಗಿದೆ. ಹಿಡಿಕೆ ಒತ್ತಿದೆ. ಎರಡೂ ರಬ್ಬರು ಬಂದು ರಿಮ್ಮನ್ನು ಕಚ್ಚಿದವು. ಚಹಾ ಆರುವಷ್ಟರಲ್ಲಿ ಕೆಲಸ ಮುಗಿದಿತ್ತು. ಹುಡುಗಿ ಬಾಯಿ ತೆರೆದು ನೋಡುತ್ತಿದ್ದಳು. ಅವಳ ಕಣ್ಣಿನಲ್ಲಿ ನಾನು ಕಂಡದ್ದು ನನ್ನನ್ನೇ.

ಧಾರವಾಡದವರಿಗೆ ಇಳಿಜಾರಿನ ಬಗ್ಗೆ ಹೇಳಬೇಕಾಗಿಲ್ಲ. ನಮ್ಮ ಓಣಿಯೂ ಹಾಗೆಯೇ, ಜಾರಿಕೊಂಡು ಹೋಗಿ ದೊಡ್ಡ ರಸ್ತೆಗೆ ಬೀಳುತ್ತದೆ. ಮರುದಿನ ಬೆಳಿಗ್ಗೆ ಆಕೆ ಶಾಲೆಗೆ ಹೊರಟಳು. ಅರ್ಧ ಇಳಿಜಾರಿನಲ್ಲಿ ಒಂದು ನಾಯಿ ಅಡ್ಡ ಬಂತು. ಬ್ರೇಕನ್ನು ಗಟ್ಟಿಯಾಗಿ ಹಿಡಿದಳು. ಬೋಲ್ಟಿನ ಹಿಡಿತದಿಂದ ವಾಯರ್ ಜಾರಿ ಹಿಡಿಕೆ ಸಡಿಲವಾಗಿ ಕೈಗೇ ಬಂತು. ಹಿಂದಿನ ಬ್ರೇಕ್ ಒಂದೇ ಅಷ್ಟು ಇಳಿಜಾರಿಗೆ ಸಾಲಲಿಲ್ಲ. ಪುಣ್ಯಕ್ಕೆ ದೊಡ್ಡ ರಸ್ತೆಗಿಂತ ಮೊದಲೇ ಯಾರದೋ ಮನೆ ಕಟ್ಟಲು ಹಾಕಿದ್ದ ಉಸುಕಿನ ರಾಶಿಯಿತ್ತು. ಅದಕ್ಕೇ ತಿರುಗಿಸಿದಳು. ಗದ್ದಕ್ಕೆ ಮೂರು ಹೊಲಿಗೆ ಬಿದ್ದವು, ಮಣಿಕಟ್ಟು ಬಾತಿತು. ಅಷ್ಟಕ್ಕೇ ಮುಗಿಯಿತು.

ನಾನು ಬರೆಯಬೇಕೆಂದಿರುವುದು ಬಿದ್ದದ್ದರ ಬಗ್ಗೆ ಅಲ್ಲ, ಅದರ ನಂತರದ ಒಂದು ದಿನದ ಬಗ್ಗೆ. ದವಾಖಾನೆಯಿಂದ ಬಂದ ಮೇಲೆ ಅತ್ತಿಗೆ ಮಗಳಿಗೆ, "ಜೋರ್ ಹೊಡೀಬ್ಯಾಡ ಅಂತ ಎಷ್ಟ್ ಸಲ ಹೇಳೀನಿ" ಎಂದು ಬೈದಳು. ನಾನು ಅಲ್ಲೇ ಕುಳಿತಿದ್ದೆ. ಹುಡುಗಿ ನನ್ನ ಕಡೆ ತಿರುಗಿ, "ಕಾಕಾ, ನಾ ಬ್ರೇಕ್ ಭಾಳ ಜೋರ್ ಹಿಡದ್ನೇನ? ಅದಕ್ಕ ಕಿತ್ತು ಬಂತೇನ?" ಎಂದು ಕೇಳಿದಳು. ನಾನು, "ವಾಯರ್ದ ಏನ್ ಹೇಳಾಕ ಬರೂದಿಲ್ಲ ಬಿಡವಾ" ಎಂದೆ. ಸುಳ್ಳೆಂದು ಯಾರೂ ಹಿಡಿಯಲಾರದ ಮಾತು. ಬ್ರೇಕನ್ನು ಗಟ್ಟಿಯಾಗಿ ಹಿಡಿದದ್ದೇ ತನ್ನ ತಪ್ಪು ಎಂದು ಒಂದು ಮಗು ನಂಬಲು ನಾನು ಬಿಟ್ಟೆ.

ಸಂಜೆ ಸೈಕಲ್ಲನ್ನು ತಳ್ಳಿಕೊಂಡು ನಾಕಾದ ಹತ್ತಿರದ ಸೈಕಲ್ ಅಂಗಡಿಗೆ ಹೋದೆ. ನಾನು ಹೈಸ್ಕೂಲಿನಲ್ಲಿದ್ದಾಗ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದ ಅಂಗಡಿ ಅದು. ಈಗ ಬಾಡಿಗೆಯಿಲ್ಲ, ಒಂದು ಹವಾ ಪಂಪು, ಒಂದು ನೀರಿನ ಬುಟ್ಟಿ, ಒಂದು ಕಟ್ಟಿಗೆಯ ಪೆಟ್ಟಿಗೆ, ಮತ್ತು ಅಂಗಡಿಯ ಚಾಚಾ. ಚಾಚಾ ಬೋಲ್ಟ್ ಬಿಚ್ಚಿ ವಾಶರನ್ನು ತಿರುಗಿಸಿ ನನಗೆ ತೋರಿಸಿದರು. ವಾಯರ್ ಕೂರಲೆಂದೇ ಅಲ್ಲೊಂದು ಸಣ್ಣ ಗಾಡಿ ಇರುತ್ತದೆ. ನಾನು ವಾಯರನ್ನು ಆ ಗಾಡಿಯ ಪಕ್ಕದಲ್ಲಿಟ್ಟು ಬಿಗಿದಿದ್ದೆ. ಬೋಲ್ಟ್ ಬಿಗಿಯಾಗಿತ್ತು, ಹಿಡಿತ ಇರಲಿಲ್ಲ.

"ಕಟ್ಟಿದ ಮ್ಯಾಲ ಜಗ್ಗಿ ನೋಡಿರೇನ್ರಿ ಸರ?"

"ಒತ್ತಿ ನೋಡಿದ್ನ್ಯಲ್ರಿ."

"ಎರಡು ಬಳ್ಳಿಲೆ ಒತ್ತೀರಿ. ಅಂಜಿಕಿ ಬಂದಾಗ ಹುಡುಗ್ರು ಎರಡು ಬಳ್ಳಿಲೆ ಹಿಡಿಯೂದಿಲ್ರಿ. ನಾ ಬ್ರೇಕ್ ಕಟ್ಟಿದ ಮ್ಯಾಲ ಮದಲ ಒಂದ್ ರೌಂಡ್ ನಾನ ಹೋಗಿ ಬರ್ತೀನಿ. ಬಿದ್ರ ನಾ ಬೀಳ್ಬೇಕು."

ಇಷ್ಟು ವರ್ಷ ಅವರು ಸೈಕಲ್ ಏರಿ ಒಂದು ಸುತ್ತು ಹೋಗಿಬರುವುದನ್ನು ನೋಡಿದ್ದೇನೆ. ಗಿರಾಕಿಗೆ ತೋರಿಸಲೆಂದೋ, ಕೂತು ಕೂತು ಹಿಡಿದ ಸೊಂಟ ಸಡಿಲಿಸಲೆಂದೋ ಅಂದುಕೊಂಡಿದ್ದೆ. ತಾನು ಮಾಡಿದ ಕೆಲಸದ ಮೊದಲ ಅಪಾಯವನ್ನು ತನ್ನ ಮೈಮೇಲೇ ತೆಗೆದುಕೊಳ್ಳುವ ಪದ್ಧತಿ ಅದು ಎಂದು ತಿಳಿದಿರಲಿಲ್ಲ.

ರಾತ್ರಿ ಮನೆಯವರೆಲ್ಲ ಊಟಕ್ಕೆ ಕುಳಿತಾಗ ಹೇಳಿದೆ: ತಪ್ಪು ನನ್ನದು, ವಾಯರನ್ನು ಸರಿಯಾಗಿ ಕೂರಿಸಿರಲಿಲ್ಲ, ನೀನು ಬ್ರೇಕ್ ಹಿಡಿದದ್ದು ಸರಿಯಾಗಿಯೇ ಇತ್ತು. ಅತ್ತಿಗೆ ಏನೂ ಅನ್ನಲಿಲ್ಲ. ಅದು ಬೈಗುಳಕ್ಕಿಂತ ಭಾರವಾಗಿತ್ತು. ಹುಡುಗಿ ಸ್ವಲ್ಪ ಯೋಚಿಸಿ, "ಹಂಗಾರ ಇನ್ನ ಮ್ಯಾಲೆ ಮದಲ ನೀ ಹೊಡಿ" ಎಂದಳು. ಚಾಚಾ ಹೇಳಿದ್ದನ್ನು ನಾನು ಅವಳಿಗೆ ಇನ್ನೂ ಹೇಳಿರಲೇ ಇಲ್ಲ.

ಜರ್ಮನಿಯ ತತ್ವಜ್ಞಾನಿ ಮಾರ್ಟಿನ್ ಹೈಡೆಗರ್ 1927ರಲ್ಲಿ ಪ್ರಕಟಿಸಿದ, ಇಂಗ್ಲಿಷಿನಲ್ಲಿ 'ಬೀಯಿಂಗ್ ಅಂಡ್ ಟೈಮ್' ಎಂದು ಹೆಸರಾದ ಗ್ರಂಥದಲ್ಲಿ ಸುತ್ತಿಗೆಯ ಉದಾಹರಣೆ ಬರುತ್ತದೆ. ಬಡಿಗ ಮೊಳೆ ಹೊಡೆಯುವಾಗ ಅವನ ಗಮನ ಸುತ್ತಿಗೆಯ ಮೇಲೆ ಇರುವುದಿಲ್ಲ, ಕೆಲಸದ ಮೇಲೆ ಇರುತ್ತದೆ. ಸುತ್ತಿಗೆ ಮುರಿದಾಗಲೋ, ಕೈಗೆ ಹೊಂದದೆ ಹೋದಾಗಲೋ ಅದು ಒಂದು ವಸ್ತುವಾಗಿ ಕಣ್ಣೆದುರು ನಿಲ್ಲುತ್ತದೆ. ಬ್ರೇಕೂ ಹಾಗೆಯೇ. ಅದು ಹಿಡಿಯುತ್ತಿರುವಷ್ಟು ದಿನ ನಮ್ಮ ಪಾಲಿಗೆ ಇಲ್ಲವೇ ಇಲ್ಲ. ಆದರೆ ಉಸುಕಿನ ರಾಶಿಯ ನಂತರ ನನಗೆ ಕಂಡದ್ದು ಇನ್ನೊಂದು. ಕೆಲಸ ಮಾಡುವ ವಸ್ತುವಿನ ಜೊತೆಗೆ ಅದನ್ನು ರಿಪೇರಿ ಮಾಡಿದವನೂ ಕಣ್ಮರೆಯಾಗುತ್ತಾನೆ. ಇಳಿಜಾರಿನಲ್ಲಿ ಹುಡುಗಿ ನಂಬಿದ್ದು ಬ್ರೇಕನ್ನಲ್ಲ, ನನ್ನನ್ನು. ನಂಬುತ್ತಿದ್ದೇನೆ ಎಂಬುದು ಅವಳಿಗೂ ಗೊತ್ತಿರಲಿಲ್ಲ, ನಂಬಿಸಿದ್ದೇನೆ ಎಂಬುದು ನನಗೂ ಗೊತ್ತಿರಲಿಲ್ಲ.

ಹಾಗಾದರೆ ಬಲ್ಲವರಿಗೇ ಬಿಡಬೇಕೆ? ಸುಲಭದ ಉತ್ತರ ಅದು. ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿ, ಪ್ರತಿ ಸಲ ಹಣ ಕೊಟ್ಟು, ತಪ್ಪಾದರೆ ಅಂಗಡಿಯವರನ್ನು ದೂರುವುದು. ಅದರಲ್ಲಿ ಅಪಾಯ ಕಡಿಮೆಯಾಗಬಹುದು, ಆದರೆ ಹೊಣೆಯನ್ನು ಹಣ ಕೊಟ್ಟು ದಾಟಿಸಿದಂತೆಯೂ ಆಗುತ್ತದೆ. ದಿನಾ ಏರುವ ಸೈಕಲ್ಲಿನ ಬ್ರೇಕ್ ಹೇಗೆ ಹಿಡಿಯುತ್ತದೆ ಎಂದು ತಿಳಿಯದವನು ಅಂಗಡಿಯಿಂದ ಬಂದ ಬ್ರೇಕನ್ನೂ ಪರೀಕ್ಷಿಸಲಾರ. ಅಜ್ಞಾನವು ವಿನಯದ ವೇಷ ಹಾಕಿಕೊಂಡು ಬರುವುದುಂಟು.

ಇನ್ನೊಂದು ತುದಿಯ ಉತ್ತರ, ನನ್ನ ವಸ್ತು, ನನ್ನ ಹಕ್ಕು ಎಂಬುದು. ನನ್ನ ಸೈಕಲ್ಲಿನ ಮಟ್ಟಿಗೆ ಅದು ಸರಿಯೇ. ಬಿದ್ದರೆ ನಾನೇ ಬೀಳುತ್ತೇನೆ. ಆದರೆ ಆ ಸೈಕಲ್ ಏರಿದವಳು ನಾನಲ್ಲ. ಬೇರೆಯವರು ಏರುವ ಸೈಕಲ್ಲನ್ನು ಮುಟ್ಟಿದ ಕ್ಷಣ ಪ್ರಶ್ನೆ ಬದಲಾಗುತ್ತದೆ. ನನ್ನ ಕೈಯ ಕೆಲಸವನ್ನು ಇನ್ನೊಂದು ಜೀವಕ್ಕೆ ಒಪ್ಪಿಸುವ ಅರ್ಹತೆ ನನಗೆ ಯಾವಾಗ ಬರುತ್ತದೆ? ಹತಾರ ಇದ್ದ ಮಾತ್ರಕ್ಕೆ ಬರುವುದಿಲ್ಲ. ಅನುಭವದಿಂದ ಬರುತ್ತದೆ ಎನ್ನೋಣವೆಂದರೆ, ಮೂವತ್ತು ವರ್ಷಗಳ ಅನುಭವದ ಚಾಚಾ ಇಂದಿಗೂ ಒಂದು ಸುತ್ತು ಹೋಗಿಬರುತ್ತಾರೆ. ಕೈ ತಪ್ಪಬಹುದು ಎಂದು ಒಪ್ಪಿಕೊಂಡು, ಆ ತಪ್ಪು ಬೇರೆಯವರಿಗೆ ತಾಗುವ ಮೊದಲು ತನಗೇ ತಾಗುವಂತೆ ಮಾಡಿಕೊಂಡಾಗ ಆ ಅರ್ಹತೆ ಬರುತ್ತದೆ ಎಂದು ನನಗೀಗ ಅನ್ನಿಸುತ್ತದೆ.

ಇದನ್ನು ಒಪ್ಪಿದರೆ ಹತಾರ ಆರಿಸುವ ಅಳತೆಯೂ ಬದಲಾಗುತ್ತದೆ. ಹತಾರಗಳಲ್ಲಿ ಎರಡು ಜಾತಿ. ಮಾಡುವ ಹತಾರ ಒಂದು, ನೋಡುವ ಹತಾರ ಇನ್ನೊಂದು. ನನ್ನ ಪೆಟ್ಟಿಗೆಯ ತುಂಬ ಇದ್ದದ್ದು ಮೊದಲನೆಯವು. ಎರಡನೆಯವು ಬಹುಪಾಲು ಮನೆಯಲ್ಲೇ ಇರುತ್ತವೆ. ಪಂಕ್ಚರ್ ಎಲ್ಲಿದೆ ಎಂದು ಹೇಳುವುದು ಒಂದು ಬಕೆಟ್ ನೀರು. ಟ್ಯೂಬನ್ನು ಮುಳುಗಿಸಿದರೆ ಗುಳ್ಳೆ ತಾನೇ ಸಾಕ್ಷಿ ಹೇಳುತ್ತದೆ. ಪ್ಯಾಚ್ ಅಂಟಿಸಿದ ಮೇಲೆ ಇನ್ನೊಮ್ಮೆ ಮುಳುಗಿಸಿದರೆ ನಮ್ಮ ಕೆಲಸದ ಬಗ್ಗೆಯೂ ಅದೇ ಸಾಕ್ಷಿ. ಚೈನ್ ಸವೆದಿದೆಯೇ ಎಂದು ತಿಳಿಯಲು ಶಾಲೆಯ ಮಕ್ಕಳ ಸ್ಕೇಲ್ ಸಾಕು. ಸೈಕಲ್ ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. ಅಂದರೆ ಇಪ್ಪತ್ನಾಲ್ಕು ಕೊಂಡಿಗೆ ಸರಿಯಾಗಿ ಹನ್ನೆರಡು ಇಂಚು. ಅದಕ್ಕಿಂತ ಒಂದೂವರೆ ಮಿಲಿಮೀಟರ್ ಹೆಚ್ಚಾಗಿದ್ದರೆ ಹೊಸ ಚೈನ್ ಹಾಕುವ ಕಾಲ ಬಂತು ಎಂದರ್ಥ. ಮೂರು ಮಿಲಿಮೀಟರಿನವರೆಗೆ ಬಿಟ್ಟರೆ ಚೈನಿನ ಜೊತೆಗೆ ಹಲ್ಲುಚಕ್ರವೂ ಸವೆದಿರುತ್ತದೆ. ಸುಮ್ಮನೆ ನೋಡಿದರೆ ಆ ವ್ಯತ್ಯಾಸ ಕಾಣುವುದಿಲ್ಲ.

ಮಾಡುವ ಹತಾರ ನಮ್ಮ ಬಲವನ್ನು ಹೆಚ್ಚಿಸುತ್ತದೆ, ಅದೇ ಅಳತೆಯಲ್ಲಿ ತಪ್ಪನ್ನೂ. ಎಡಗಡೆಯ ಪೆಡಲ್ ಬಿಚ್ಚಲು ಹೋಗಿ ಇದನ್ನು ಕಲಿತೆ. ಎಲ್ಲ ಬೋಲ್ಟಿನಂತೆ ಅದನ್ನೂ ಎಡಕ್ಕೆ ತಿರುಗಿಸಿದೆ. ಜಪ್ಪೆನ್ನಲಿಲ್ಲ. ಪಾನಾಕ್ಕೆ ಒಂದು ಪೈಪು ಸಿಗಿಸಿ ಇನ್ನೂ ಒತ್ತಿದೆ. ಸೈಕಲ್ಲಿನ ಎಡ ಪೆಡಲಿನ ಮರೆ ಉಲ್ಟಾ ಇರುತ್ತದೆ ಎಂದು ಆಮೇಲೆ ತಿಳಿಯಿತು. ಪೆಡಲ್ ತುಳಿತುಳಿದು ತಾನೇ ಬಿಚ್ಚಿಕೊಳ್ಳಬಾರದೆಂದು ಮಾಡಿದ ಏರ್ಪಾಡು. ಪಾನಾವನ್ನು ಮೇಲ್ಮುಖವಾಗಿ ಇಟ್ಟು ಸೈಕಲ್ಲಿನ ಹಿಂಬದಿಗೆ ಎಳೆದರೆ ಎರಡೂ ಪೆಡಲ್ ಬಿಚ್ಚುತ್ತವೆ. ನಾನು ಅರ್ಧ ಗಂಟೆ ಬೆವರು ಸುರಿಸಿ ಬಿಗಿಯುತ್ತಿದ್ದೆ.

ಹತಾರದ ಅಳತೆ ಏನಿರಬೇಕು ಎಂಬ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ಒಮ್ಮೆ ಬಹಿರಂಗವಾಗಿಯೇ ಕೇಳಲಾಗಿತ್ತು. 1929ರಲ್ಲಿ ಗಾಂಧೀಜಿಯವರ ಅಖಿಲ ಭಾರತ ಚರಕಾ ಸಂಘ ಸುಧಾರಿತ ಚರಕವೊಂದಕ್ಕೆ ಒಂದು ಲಕ್ಷ ರೂಪಾಯಿಯ ಬಹುಮಾನ ಘೋಷಿಸಿತು. ಷರತ್ತುಗಳಲ್ಲಿ ಎಷ್ಟು ನೂಲು ತೆಗೆಯಬೇಕು ಎಂಬುದು ಒಂದು ಮಾತ್ರ. ಬೆಲೆ 150 ರೂಪಾಯಿ ಮೀರಬಾರದು, ಹಳ್ಳಿಯ ಹೆಂಗಸು ಹೆಚ್ಚು ದಣಿಯದೆ ಎಂಟು ಗಂಟೆ ನಡೆಸುವಂತಿರಬೇಕು, 20 ವರ್ಷ ಬಾಳಬೇಕು, ವರ್ಷದ ದುರಸ್ತಿ ಖರ್ಚು ಬೆಲೆಯ ಶೇಕಡಾ 5ನ್ನು ದಾಟಬಾರದು ಎಂದೂ ಇತ್ತು. ಯಂತ್ರ ಏನು ಮಾಡಬಲ್ಲದು ಎಂಬುದರ ಜೊತೆಗೆ ಅದು ಕೆಟ್ಟಾಗ ಅದರ ಒಡತಿಯ ಗತಿಯೇನು ಎಂದೂ ಕೇಳಿದ ಷರತ್ತು ಅದು. ನನ್ನ ಪೆಟ್ಟಿಗೆ ಕೊಳ್ಳುವಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ತುಂಡು ಇವೆ?

ಈಗ ನನ್ನ ಬಳಕೆಯಲ್ಲಿರುವುದು ಕೆಲವೇ: ಹವಾ ಪಂಪು, ಟಯರ್ ಎಬ್ಬಿಸುವ ಎರಡು ಲಿವರ್, ಪ್ಯಾಚು ಮತ್ತು ಸೊಲ್ಯೂಷನ್, ನಾಲ್ಕು, ಐದು, ಆರು ಮಿಲಿಮೀಟರಿನ ಅಲೆನ್ ಕೀ, ಗಾಲಿಗೂ ಪೆಡಲ್ಲಿಗೂ ಆಗುವ ಹದಿನೈದು ಮಿಲಿಮೀಟರಿನ ಪಾನಾ, ಒಂದು ಸ್ಕ್ರೂಡ್ರೈವರ್, ಎಣ್ಣೆ ಡಬ್ಬಿ. ಎಲ್ಲ ನಟ್ಟಿಗೂ ಆಗುವ, ಹಿಗ್ಗಿಸಿ ಕುಗ್ಗಿಸುವ ಪಾನಾವನ್ನು ಬಿಟ್ಟೆ. ಅದು ಯಾವ ನಟ್ಟಿಗೂ ಪೂರ್ತಿ ಕೂರದೆ ಮೂಲೆಗಳನ್ನು ತಿಂದು ದುಂಡಗೆ ಮಾಡುತ್ತದೆ. ಉಳಿದದ್ದನ್ನು ಚಾಚಾರಿಗೆ ಕೊಟ್ಟೆ. ಕೊಡುವಾಗ ಒಂದು ಮುಜುಗರವಿತ್ತು. ನಾನು ಮನೆಯಲ್ಲೇ ರಿಪೇರಿ ಮಾಡಿಕೊಂಡರೆ ಅವರ ಹೊಟ್ಟೆಪಾಡು? ಕೇಳಿಯೂ ಬಿಟ್ಟೆ. "ಪಂಕ್ಚರ್ ನೀವ ತಕ್ಕೊಳ್ರಿ ಸರ. ಗಾಲಿ ಡೊಂಕಾದ್ರ ನನ್ನ ಕಡೆ ತರ್ರಿ. ಅದು ಓದಿದ್ರ ಬರೂದಲ್ಲ" ಎಂದು ನಕ್ಕರು. ನಗುವಿನಲ್ಲಿ ಎಷ್ಟು ಪಾಲು ಸೌಜನ್ಯ, ಎಷ್ಟು ಪಾಲು ನಷ್ಟ ಎಂದು ಅಳೆಯುವ ಹತಾರ ನನ್ನ ಬಳಿ ಇಲ್ಲ. ಹಾಗಾಗಿ ಗಾಲಿಯ ಕೆಲಸಕ್ಕೆ ಅವರು ಹೇಳಿದಷ್ಟು ಕೊಡುತ್ತೇನೆ, ಚೌಕಾಸಿ ಮಾಡುವುದಿಲ್ಲ.

ಗದ್ದದ ಹೊಲಿಗೆ ಬಿಚ್ಚಿದ ಮೇಲೆ ಬ್ರೇಕನ್ನು ಮತ್ತೆ ನಾನೇ ಕಟ್ಟಿದೆ. ವಾಯರ್ ಗಾಡಿಯಲ್ಲಿ ಕೂತಿದೆಯೇ ಎಂದು ಹುಡುಗಿ ಬ್ಯಾಟರಿ ಹಿಡಿದು ನೋಡಿದಳು. ಇಡೀ ಮುಷ್ಟಿಯಿಂದ ಹತ್ತು ಸಲ ಜಗ್ಗಿದೆ. ಆಮೇಲೆ ಮಾತಿನಂತೆ ಅವಳ ಪುಟ್ಟ ಸೈಕಲ್ ಏರಿ, ಮೊಣಕಾಲು ಹ್ಯಾಂಡಲಿಗೆ ಬಡಿಯುತ್ತ, ಓಣಿಯ ಹುಡುಗರೆಲ್ಲ ಕೇಕೆ ಹಾಕುತ್ತಿರುವಾಗ ಇಳಿಜಾರು ಇಳಿದೆ. ಉಸುಕಿನ ರಾಶಿಯ ಹತ್ತಿರ ಬ್ರೇಕ್ ಹಿಡಿದೆ. ಸೈಕಲ್ ನಿಂತಿತು.

ದಸರೆಯ ಖಂಡೇಪೂಜೆಯ ದಿನ ಸೈಕಲ್ ತೊಳೆದು, ಹತಾರಗಳನ್ನೆಲ್ಲ ಮಣೆಯ ಮೇಲೆ ಸಾಲಾಗಿ ಇಟ್ಟು ಹೂ ಏರಿಸಿದೆವು. ಹುಡುಗಿ ಒಳಗೆ ಓಡಿ ತನ್ನ ಕಂಪಾಸಿನಿಂದ ಸ್ಕೇಲ್ ತಂದು ಪಾನಾದ ಪಕ್ಕ ಇಟ್ಟಳು. ಬಚ್ಚಲಿನಿಂದ ಬಕೆಟ್ ಎತ್ತಿಕೊಂಡು ಬರುವಾಗ ಅತ್ತಿಗೆ, "ಅದ್ಯಾಕ?" ಎಂದು ತಡೆದಳು. "ಇರಲಿ ಬಿಡು" ಎಂದೆ. ಅದಕ್ಕೂ ಕುಂಕುಮ ಹಚ್ಚಿದೆವು.